ಲೆಕ್ಕಕ್ಕೆ ಸಿಗದವರು ಹಾಕಿದ ರೈಲು ಹಳಿ

ಬ್ಯಾಂಕಾಕ್‌ನಿಂದ ಪಶ್ಚಿಮಕ್ಕೆ ಎರಡು–ಮೂರು ಗಂಟೆ ಪ್ರಯಾಣ ಮಾಡಿದರೆ ಕಾಂಚನಬುರಿ ಸಿಗುತ್ತದೆ. ನಮ್ಮ ಕಿವಿಗೆ ‘ಕಾಂಚನಪುರಿ’ ಎಂದೇ ಕೇಳುವ ಈ ಹೆಸರಿನ ಮೂಲವೂ ಸಂಸ್ಕೃತವೇ. ಚಿನ್ನದ ಊರು ಎಂದರ್ಥ. ಆದರೆ ಹೊರಗಿನವರು ಇಲ್ಲಿಗೆ ಬರುವುದು ಒಂದು ರೈಲು ಮಾರ್ಗವನ್ನು ನೋಡಲು. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನ್ ಸೇನೆ ಯುದ್ಧ ಕೈದಿಗಳಿಂದ ಕಟ್ಟಿಸಿದ ಈ ಮಾರ್ಗಕ್ಕೆ ‘ಸಾವಿನ ರೈಲು’ ಎಂಬ ಹೆಸರೇ ಉಳಿದಿದೆ. ಕಳೆದ ಡಿಸೆಂಬರ್‌ನಲ್ಲಿ ಎರಡು ದಿನ ನಾನು ಅಲ್ಲಿದ್ದೆ.

1942ರಲ್ಲಿ ಬರ್ಮಾವನ್ನು ವಶಪಡಿಸಿಕೊಂಡ ಜಪಾನಿಗೆ ಅಲ್ಲಿನ ಸೇನೆಗೆ ಮದ್ದುಗುಂಡು, ಆಹಾರ ಸಾಗಿಸಬೇಕಿತ್ತು. ಮಲಕ್ಕಾ ಜಲಸಂಧಿಯ ಮೂಲಕ ಹೋಗುವ ಹಡಗುಗಳಿಗೆ ಶತ್ರುಗಳ ಜಲಾಂತರ್ಗಾಮಿಗಳ ಭಯ. ಹಾಗಾಗಿ ಥಾಯ್ಲೆಂಡಿನಿಂದ ಬರ್ಮಾದ ಥಾನ್‌ಬ್ಯುಜಯಾತ್‌ವರೆಗೆ ಕಾಡು, ಬೆಟ್ಟ, ನದಿಗಳನ್ನು ದಾಟಿ 415 ಕಿ.ಮೀ. ಉದ್ದದ ಮಾರ್ಗ ಹಾಕಲು ಹೊರಟರು. ಹಿಂದೆ ಬ್ರಿಟಿಷರು ಯೋಚಿಸಿ, ಕಷ್ಟವೆಂದು ಕೈಬಿಟ್ಟಿದ್ದ ದಾರಿ ಅದು. ಎರಡೂ ತುದಿಗಳಿಂದ ಹಾಕುತ್ತಾ ಬಂದ ಹಳಿಗಳು 1943ರ ಅಕ್ಟೋಬರ್ 17ರಂದು ನಡುವೆ ಕೂಡಿಕೊಂಡವು. ಕೆಲಸ ಮುಗಿಯಲು ಹಿಡಿದದ್ದು ಒಂದೂಕಾಲು ವರ್ಷದಷ್ಟು ಸಮಯ ಮಾತ್ರ. ಇಂದಿನಂಥ ಯಂತ್ರಗಳಿರಲಿಲ್ಲ. ಹಾರೆ, ಗುದ್ದಲಿ, ಸುತ್ತಿಗೆ, ಬುಟ್ಟಿ, ಅಲ್ಲಲ್ಲಿ ಆನೆಗಳು. ಉಳಿದದ್ದೆಲ್ಲ ಮನುಷ್ಯರ ಮೈಬಲ.

ಪ್ರವಾಸಿಗರು ಮೊದಲು ನೋಡುವುದು ಕ್ವಾಯ್ ನದಿಯ ಸೇತುವೆ. 1957ರ ಸಿನಿಮಾದಿಂದ ಅದು ಜಗತ್ಪ್ರಸಿದ್ಧ. ಆದರೆ ಆ ಸಿನಿಮಾದ ಸೇತುವೆಯನ್ನು ಕಟ್ಟಿ ಚಿತ್ರೀಕರಿಸಿದ್ದು ಶ್ರೀಲಂಕಾದಲ್ಲಿ. ಇಲ್ಲಿರುವುದು ಕಪ್ಪು ಬಣ್ಣದ ಉಕ್ಕಿನ ಸೇತುವೆ. ಇದರ ಕಮಾನುಗಳನ್ನು ಜಾವಾದಿಂದ ತಂದದ್ದು. ನಡುವೆ ನೇರ ಅಂಚಿನ ಎರಡು ಭಾಗಗಳು ಬೇರೆಯಾಗಿಯೇ ಕಾಣುತ್ತವೆ. ಬಾಂಬ್ ದಾಳಿಯಲ್ಲಿ ಹಾಳಾದದ್ದನ್ನು ಯುದ್ಧದ ನಂತರ ಹಾಗೆ ಸರಿಪಡಿಸಿದರು. ಜನ ಹಳಿಯ ಮೇಲೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ರೈಲು ಬಂದಾಗ ಪಕ್ಕಕ್ಕೆ ಸರಿಯುತ್ತಾರೆ.

ಆ ರೈಲಿನಲ್ಲಿ ಕೂತು ನಾಮ್ ತೋಕ್‌ವರೆಗೆ ಹೋಗಬಹುದು. ಕಿಟಕಿ ತೆರೆದ ಸಾದಾ ಬೋಗಿಗಳು. ತಮ್ ಕ್ರಾಸೆ ಎಂಬಲ್ಲಿ ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೆಳಗೆ ನದಿ. ನಡುವೆ ಮರದ ಕಂಬಗಳ ಮೇಲೆ ನಿಂತ ಹಳಿಯ ಮೇಲೆ ರೈಲು ನಡಿಗೆಯ ವೇಗದಲ್ಲಿ ಸಾಗುತ್ತದೆ. ನಾಮ್ ತೋಕ್‌ನ ಆಚೆಗೆ ಈಗ ರೈಲಿಲ್ಲ. ಯುದ್ಧದ ನಂತರ ಮುಂದಿನ ಹಳಿಗಳನ್ನು ಕಿತ್ತರು. ಆ ಹಾದಿಯ ಒಂದಷ್ಟು ಭಾಗ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದೆ.

ಅಲ್ಲಿಂದ ರಸ್ತೆಯಲ್ಲಿ ಮುಂದೆ ಹೋದರೆ ‘ಹೆಲ್‌ಫೈರ್ ಪಾಸ್’. ಆಸ್ಟ್ರೇಲಿಯಾ ಸರ್ಕಾರ ಅಲ್ಲೊಂದು ವಸ್ತುಸಂಗ್ರಹಾಲಯ ಕಟ್ಟಿದೆ. ಮೆಟ್ಟಿಲಿಳಿದು ಬಿದಿರ ಕಾಡಿನೊಳಗೆ ನಡೆದರೆ ಬೆಟ್ಟವನ್ನೇ ಸೀಳಿದಂತಿರುವ ಕಣಿವೆ ಎದುರಾಗುತ್ತದೆ. ಒಬ್ಬ ಉಳಿ ಹಿಡಿಯಬೇಕು, ಇನ್ನೊಬ್ಬ ಸುತ್ತಿಗೆ ಬೀಸಬೇಕು; ಹಾಗೆ ಕೊರೆದ ರಂಧ್ರಕ್ಕೆ ಮದ್ದು ತುಂಬಿ ಬಂಡೆ ಸಿಡಿಸಿ, ಚೂರುಗಳನ್ನು ಕೈಯಲ್ಲೇ ಹೊರಬೇಕು. 1943ರ ಮಳೆಗಾಲದಲ್ಲಿ ರಾತ್ರಿಯೂ ಕೆಲಸ ನಡೆಯಿತು. ಬೆಂಕಿ ಮತ್ತು ದೀಪಗಳ ಬೆಳಕಿನಲ್ಲಿ ಎಲುಬುಗೂಡಿನಂಥ ಮನುಷ್ಯರು ದುಡಿಯುವುದನ್ನು ಕಂಡವರು ಈ ಜಾಗಕ್ಕೆ ನರಕದ ಹೆಸರಿಟ್ಟರು. ಗೋಡೆಯಲ್ಲಿ ಉಳಿಯ ಗುರುತುಗಳು ಈಗಲೂ ಇವೆ. ಒಂದು ಕಡೆ ಮುರಿದ ಉಳಿಯ ತುಂಡು ಬಂಡೆಯಲ್ಲೇ ಸಿಕ್ಕಿಕೊಂಡಿದೆ. ಅದನ್ನು ಬಡಿದವನ ವಯಸ್ಸು ಎಷ್ಟಿದ್ದೀತು ಎಂದು ಯೋಚಿಸುತ್ತಾ ಸ್ವಲ್ಪ ಹೊತ್ತು ನಿಂತೆ.

ಆ ವಯಸ್ಸಿನ ಅಂದಾಜು ಸಿಕ್ಕಿದ್ದು ಮರುದಿನ, ಕಾಂಚನಬುರಿಯ ಯುದ್ಧ ಸ್ಮಶಾನದಲ್ಲಿ. ಹಸಿರು ಹುಲ್ಲು, ಸಾಲು ಸಾಲು ಸಣ್ಣ ಕಲ್ಲುಗಳು, ಒಂದೊಂದರ ಮೇಲೂ ಕಂಚಿನ ಫಲಕ. ಸುಮಾರು 7,000 ಸಮಾಧಿಗಳು. ಬ್ರಿಟಿಷರು, ಆಸ್ಟ್ರೇಲಿಯನ್ನರು, ಡಚ್ಚರು. ಹೆಸರು, ದಳ, ಸತ್ತ ದಿನ, ವಯಸ್ಸು. ಓದುತ್ತಾ ಹೋದಂತೆ ಇಪ್ಪತ್ತರ ಆಸುಪಾಸಿನವರೇ ಹೆಚ್ಚು. ನಮ್ಮಲ್ಲಾದರೆ ಡಿಗ್ರಿ ಮುಗಿಸಿ ಕೆಲಸ ಹುಡುಕುವ ವಯಸ್ಸು.

ಈ ಮಾರ್ಗಕ್ಕಾಗಿ ದುಡಿದ ಯುದ್ಧ ಕೈದಿಗಳು 60,000ಕ್ಕೂ ಹೆಚ್ಚು. ಅವರಲ್ಲಿ 12,000ಕ್ಕೂ ಹೆಚ್ಚು ಮಂದಿ ಸತ್ತರು. ಆದರೆ ಇದು ಕಥೆಯ ಸಣ್ಣ ಭಾಗ. ಮಲಯಾ, ಬರ್ಮಾ, ಜಾವಾಗಳಿಂದ ತಂದ ಕೂಲಿಗಳು ಎರಡು ಲಕ್ಷದ ಆಸುಪಾಸಿನಲ್ಲಿದ್ದರು. ಅವರಲ್ಲಿ ಸತ್ತವರು ಸುಮಾರು 90,000 ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಮಲಯಾದಿಂದ ಬಂದವರಲ್ಲಿ ಬಹುಪಾಲು ರಬ್ಬರ್ ತೋಟಗಳ ತಮಿಳರು. ಅಂದರೆ ನಮ್ಮ ದಕ್ಷಿಣ ಭಾರತದಿಂದಲೇ ಹೊಟ್ಟೆಪಾಡಿಗೆ ಹೋದವರು ಮತ್ತು ಅವರ ಮಕ್ಕಳು.

ಕೈದಿಗಳ ಸಾವಿನ ಲೆಕ್ಕ ಇಷ್ಟು ನಿಖರವಾಗಿರಲು ಕಾರಣವಿದೆ. ಅವರ ಜೊತೆ ಅವರದೇ ಅಧಿಕಾರಿಗಳಿದ್ದರು. ಸತ್ತವರ ಪಟ್ಟಿಯನ್ನು ಬರೆದು ಕಾಪಾಡಿಕೊಂಡರು. ಎಡ್ವರ್ಡ್ ‘ವೇರಿ’ ಡನ್‌ಲಪ್‌ರಂಥ ಆಸ್ಟ್ರೇಲಿಯಾದ ಸೇನಾ ವೈದ್ಯರಿದ್ದರು. ಕಾಲರಾ ಬಂದಾಗ ನೀರು ಕುದಿಸಿಯೇ ಕುಡಿಯಬೇಕೆಂಬ ಕಟ್ಟುನಿಟ್ಟಿತ್ತು. ಬಿದಿರಿನ ಕೊಳವೆ ಬಳಸಿ ರೋಗಿಗಳ ಮೈಗೆ ಸಲೈನ್ ಹರಿಸಿದ್ದೂ ಉಂಟು. ಕೂಲಿಗಳ ಶಿಬಿರಗಳಲ್ಲಿ ಇಂಥ ಆಸರೆ ಇರಲಿಲ್ಲ. ಹೆಂಡತಿ ಮಕ್ಕಳೊಂದಿಗೆ ಬಂದವರೂ ಇದ್ದರು. ಕಾಲರಾ ಹೊಕ್ಕ ಶಿಬಿರಗಳು ಶಿಬಿರಗಳೇ ಖಾಲಿಯಾದವು. ಯಾರು ಸತ್ತರು ಎಂದು ಬರೆದಿಡಲು ಯಾರೂ ಇರಲಿಲ್ಲ. 1990ರಲ್ಲಿ ಕಾಂಚನಬುರಿಯ ಕಬ್ಬಿನ ಗದ್ದೆಯೊಂದರಲ್ಲಿ ನೂರಾರು ಅಸ್ಥಿಪಂಜರಗಳು ಸಿಕ್ಕವು. ಒಂದಕ್ಕೂ ಹೆಸರಿರಲಿಲ್ಲ.

ಇವರೆಲ್ಲ ಅಲ್ಲಿಗೆ ಬಂದದ್ದು ಹೇಗೆ? ಹಲವರನ್ನು ಬಲವಂತವಾಗಿ ಹಿಡಿದು ತಂದರು. ಆದರೆ ಶುರುವಾದದ್ದು ಉದ್ಯೋಗದ ಜಾಹೀರಾತಿನಿಂದ. ಕೆಲವೇ ತಿಂಗಳ ಕೆಲಸ, ಒಳ್ಳೆಯ ದಿನಗೂಲಿ, ಊಟ–ವಸತಿ, ಹೋಗಿ ಬರುವ ಖರ್ಚು ಉಚಿತ. ಯುದ್ಧದಿಂದ ರಬ್ಬರ್ ವ್ಯಾಪಾರ ನಿಂತು ತೋಟದಲ್ಲಿ ಕೆಲಸವಿಲ್ಲದೆ ಕೂತವನಿಗೆ ಇದಕ್ಕಿಂತ ಇನ್ನೇನು ಬೇಕು? ಹೋದವರು ತಿಂಗಳು ಕಳೆದರೂ ಬರಲಿಲ್ಲ. ಸುದ್ದಿ ಹರಡಿ ಜನ ಹಿಂಜರಿದ ಮೇಲೆ ಬಲವಂತ ಹೆಚ್ಚಿತು.

ಇದನ್ನು ಓದುವಾಗ ನನಗೆ ಹಳೆಯ ಕಥೆ ಅನ್ನಿಸಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ನಮ್ಮ ವಿದೇಶಾಂಗ ಸಚಿವಾಲಯ ಐಟಿ ಕೌಶಲವಿರುವ ಯುವಕರಿಗೆ ಒಂದು ಎಚ್ಚರಿಕೆ ಕೊಟ್ಟಿತ್ತು. ಥಾಯ್ಲೆಂಡಿನಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕೆಲಸವೆಂದು ಕರೆಸಿಕೊಂಡು, ಅಕ್ರಮವಾಗಿ ಗಡಿ ದಾಟಿಸಿ ಮ್ಯಾನ್ಮಾರ್‌ನಲ್ಲಿ ಕೂಡಿಹಾಕಿ, ಸೈಬರ್ ವಂಚನೆ ಮಾಡಿಸುತ್ತಾರೆ ಎಂದು. 2025ರ ಮಾರ್ಚ್‌ನಲ್ಲಿ ಹೀಗೆ ಸಿಕ್ಕಿಬಿದ್ದ ಐನೂರಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ವಾಪಸ್ ಕರೆತಂದರು. ಸಾವಿನ ರೈಲು ದಾಟಿದ್ದೂ ಇದೇ ಎರಡು ದೇಶಗಳ ಗಡಿಯನ್ನು. ಯುದ್ಧಕಾಲದ ಆ ಕ್ರೌರ್ಯಕ್ಕೂ ಇದಕ್ಕೂ ಅಜಗಜಾಂತರವಿದೆ, ನಿಜ. ಆಸೆ ಹುಟ್ಟಿಸುವ ಮಾತು ಮಾತ್ರ ಒಂಚೂರೂ ಬದಲಾಗಿಲ್ಲ: ಒಳ್ಳೆಯ ಸಂಬಳ, ಊಟ–ವಸತಿ, ಟಿಕೆಟ್ ನಾವೇ ಕೊಡುತ್ತೇವೆ.

ಕಾಂಚನಬುರಿಯ ಬೌದ್ಧ ದೇವಾಲಯವೊಂದರ ಆವರಣದಲ್ಲಿ, ಸತ್ತ ತಮಿಳು ಕೂಲಿಗಳ ನೆನಪಿಗೆ ಮಲೇಷ್ಯಾದ ತಮಿಳರು 2023ರಲ್ಲಿ ಒಂದು ‘ನಡುಕಲ್’ ನಿಲ್ಲಿಸಿದ್ದಾರೆ. ನಮ್ಮ ಊರುಗಳ ಕೆರೆ ಏರಿಯ ಮೇಲೆ, ಗುಡಿಯ ಪಕ್ಕದಲ್ಲಿ ಕಾಣುವ ವೀರಗಲ್ಲಿನ ಸೋದರ ಅದು. ಎಂಬತ್ತು ವರ್ಷಗಳ ನಂತರವಾದರೂ ಅವರಿಗೆಂದೇ ಒಂದು ಕಲ್ಲು ನಿಂತಿತು. ಆದರೆ ಅಷ್ಟು ಜನರ ಹೆಸರು ಕೆತ್ತಬೇಕೆಂದರೂ ಆ ಪಟ್ಟಿ ಎಲ್ಲಿಯೂ ಇಲ್ಲ.

ವಿದೇಶದಲ್ಲಿ ಕೆಲಸ ಹುಡುಕುತ್ತಿರುವ ಗೆಳೆಯರಿಗೆ ನಾನು ಹೇಳುವುದು ಇಷ್ಟೇ. ಹೋಗಬೇಡಿ ಎನ್ನುವುದಿಲ್ಲ. ಕರೆದವರು ಯಾರು ಎಂದು ಮೊದಲು ವಿಚಾರಿಸಿ. ನೋಂದಾಯಿತ ಏಜೆಂಟರ ಪಟ್ಟಿ ಸರ್ಕಾರದ ‘ಇ–ಮೈಗ್ರೇಟ್’ ಜಾಲತಾಣದಲ್ಲಿದೆ. ಕೆಲಸಕ್ಕೆಂದು ಕರೆಯುತ್ತಾ ಪ್ರವಾಸಿ ವೀಸಾದಲ್ಲಿ ಬನ್ನಿ ಎಂದರೆ ಅಲ್ಲೇ ನಿಲ್ಲಿ. ಹೊರಡುವ ಮುನ್ನ ಪಾಸ್‌ಪೋರ್ಟಿನ ಪ್ರತಿ, ಕಂಪನಿಯ ವಿಳಾಸ, ಕರೆದೊಯ್ಯುವವರ ಫೋನ್ ನಂಬರ್, ಇಳಿಯುವ ಊರು ಎಲ್ಲವನ್ನೂ ಮನೆಯಲ್ಲಿ ಬರೆದಿಟ್ಟು ಹೋಗಿ. ನೀವು ಎಲ್ಲಿದ್ದೀರಿ ಎಂಬುದು ಒಬ್ಬರಿಗಾದರೂ ಗೊತ್ತಿರಲಿ.