ಹಾಡು ಬರೆದವಳದೇ ದನಿ, ಅವಳದೇ ಕೋಣೆ

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನವುಲೆಯ ಕಡೆ ಹೊರಟರೆ ಎಂಜಿನಿಯರಿಂಗ್ ಕಾಲೇಜು, ಹಾಸ್ಟೆಲು, ವಿದ್ಯಾರ್ಥಿಗಳಿಗೆಂದೇ ಬಾಡಿಗೆಗೆ ಬಿಟ್ಟ ರೂಮುಗಳು ಸಾಲಾಗಿ ಸಿಗುತ್ತವೆ. ಅಂಥ ಒಂದು ರೂಮಿನಲ್ಲಿ ಹುಡುಗಿಯೊಬ್ಬಳು ತಾನೇ ಬರೆದ ಹಾಡನ್ನು ಗಿಟಾರ್ ಹಿಡಿದು ಹಾಡಿ ಮೊಬೈಲಿನಲ್ಲಿ ಮುದ್ರಿಸಿಕೊಳ್ಳುವುದಾದರೆ, ಅದಕ್ಕೆ ಇವತ್ತು ಯಾರ ಅಪ್ಪಣೆಯೂ ಬೇಕಿಲ್ಲ. ಫ್ಯಾನಿನ ಸದ್ದು, ಕೆಳಗೆ ಹೋಗುವ ಬಸ್ಸಿನ ಹಾರ್ನು, ಕುರ್ಚಿಯ ಕಿರಕ್ಕು ಎಲ್ಲವೂ ಹಾಡಿನೊಳಗೆ ಬಂದು ಕೂರುತ್ತವೆ. ಹೀಗೆ ಹುಟ್ಟುವ ಸಂಗೀತವನ್ನು ಜಗತ್ತು ಲೋ-ಫೈ ಇಂಡೀ ಫೋಕ್ ಎಂದು ಕರೆಯುತ್ತದೆ. ಮೊದಲ ಸಲ ಕೇಳಿದ ಬಹಳ ಜನ ‘ರೆಕಾರ್ಡಿಂಗೇ ಸರಿಯಿಲ್ಲವಲ್ಲ’ ಎಂದು ಬದಿಗಿಡುತ್ತಾರೆ. ಇನ್ನು ಕೆಲವರು ಆ ಒರಟುತನಕ್ಕೇ ಮರುಳಾಗುತ್ತಾರೆ. ಇಬ್ಬರೂ ಕೇಳುತ್ತಿರುವುದು ಸದ್ದನ್ನು ಮಾತ್ರ. ಇಂಥ ಆಲ್ಬಮ್ಮಿನಲ್ಲಿ ಕೇಳಿಸಿಕೊಳ್ಳಬೇಕಾದದ್ದು ಬೇರೆಯೇ ಇದೆ: ಬರೆದವಳು, ರಾಗ ಹಾಕಿದವಳು, ಹಾಡಿದವಳು, ಎಲ್ಲಿ ನಿಲ್ಲಿಸಬೇಕೆಂದು ತೀರ್ಮಾನಿಸಿದವಳು ಒಬ್ಬಳೇ. ಗೊರಗೊರ ಸದ್ದು ಆ ಒಡೆತನಕ್ಕೆ ಅವಳು ತೆತ್ತ ಬೆಲೆ.

ಇದಕ್ಕೆ ಎರಡು ಆಲ್ಬಮ್ಮುಗಳು ಒಳ್ಳೆಯ ಸಾಕ್ಷಿ. ಜರ್ಮನಿಯ ಸಿಬಿಲ್ಲೆ ಬೇಯರ್ 1970ರಿಂದ 1973ರ ನಡುವೆ ಮನೆಯಲ್ಲೇ ರೀಲ್ ಟೇಪಿನ ಮೇಲೆ ತನ್ನ ಹಾಡುಗಳನ್ನು ಮುದ್ರಿಸಿಕೊಂಡಳು. ಗಿಟಾರು, ತಗ್ಗಿದ ದನಿ, ಹೆಚ್ಚೇನೂ ಇಲ್ಲ. ಮೂರು ದಶಕಗಳ ನಂತರ ಮಗ ಆ ಟೇಪುಗಳಿಂದ ಸಿ.ಡಿ. ಮಾಡಿ ಮನೆಯವರಿಗೆ ಹಂಚಿದ. ಅದು ಕೈಯಿಂದ ಕೈಗೆ ದಾಟಿ 2006ರಲ್ಲಿ ‘ಕಲರ್ ಗ್ರೀನ್’ ಎಂಬ ಹೆಸರಿನಲ್ಲಿ ಬಿಡುಗಡೆಯಾಯಿತು. ಎರಡನೆಯದು ಅಮೆರಿಕದ ಏಡ್ರಿಯನ್ ಲೆಂಕರ್ ಅವರ ‘ಸಾಂಗ್ಸ್’. 2020ರ ಏಪ್ರಿಲ್‌ನಲ್ಲಿ, ಕೊರೊನಾದಿಂದ ಊರಿಗೆ ಊರೇ ಬಾಗಿಲು ಹಾಕಿದ್ದಾಗ, ಮ್ಯಾಸಚೂಸೆಟ್ಸ್‌ನ ಒಂದೇ ಕೋಣೆಯ ಮರದ ಮನೆಯಲ್ಲಿ ಎಂಟು ಟ್ರ್ಯಾಕಿನ ಟೇಪ್ ಯಂತ್ರದ ಮೇಲೆ ಅದನ್ನು ಮುದ್ರಿಸಲಾಯಿತು. ಹನ್ನೊಂದು ಹಾಡುಗಳ ಈ ಆಲ್ಬಮ್ಮಿನಲ್ಲಿ ಹಕ್ಕಿಗಳ ಕೂಗೂ ಹಾಗೇ ಉಳಿದುಕೊಂಡಿದೆ. ಬೇಯರ್ ಬಳಿ ಇದ್ದದ್ದು ಅಷ್ಟೇ ಸಲಕರಣೆ. ಲೆಂಕರ್‌ಗೆ ಸ್ಟುಡಿಯೋ ಹೊಸದಲ್ಲ, ಜೊತೆಗೆ ಒಬ್ಬ ಎಂಜಿನಿಯರ್ ಕೂಡ ಇದ್ದ. ಒಬ್ಬಳದು ಅನಿವಾರ್ಯ, ಇನ್ನೊಬ್ಬಳದು ಆಯ್ಕೆ. ಆದರೂ ಎರಡರಲ್ಲೂ ಕೇಳುಗನಿಗೆ ಸಿಗುವುದು ಒಂದೇ: ಹಾಡಿಗೂ ನಮಗೂ ನಡುವೆ ಮತ್ತೊಬ್ಬರ ಅಭಿರುಚಿ ಬಂದು ನಿಂತಿಲ್ಲ ಎಂಬ ಅನುಭವ.

ಕನ್ನಡದ ಕೇಳುಗರಿಗೆ ಇಲ್ಲಿ ಒಂದು ನ್ಯಾಯವಾದ ತಕರಾರಿದೆ. ನಮಗೆ ಸಾಹಿತ್ಯ ಮುಖ್ಯ. ಮಾತೇ ಸ್ಪಷ್ಟವಾಗಿ ಕೇಳದಿದ್ದರೆ ಭಾವಗೀತೆ ಎಲ್ಲಿ ಉಳಿಯಿತು? ಇದಕ್ಕೆ ಉತ್ತರ ಭದ್ರಾವತಿಯಲ್ಲೇ ಇದೆ. 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿಯನ್ನು ಈ ಸೀಮೆಯ ಜನ ದಶಕಗಳ ಕಾಲ 675 ಕಿಲೋಹರ್ಟ್ಸ್‌ನ ಮಧ್ಯಮ ತರಂಗದಲ್ಲಿ ಕೇಳಿದ್ದಾರೆ. ಮಧ್ಯಮ ತರಂಗದಲ್ಲಿ ಒಂದು ನಿಲ್ದಾಣಕ್ಕೂ ಇನ್ನೊಂದಕ್ಕೂ ಇರುವ ಅಂತರ 9 ಕಿಲೋಹರ್ಟ್ಸ್ ಮಾತ್ರ. ಹಾಗಾಗಿ ಸುಮಾರು 4,500 ಹರ್ಟ್ಸ್‌ಗಿಂತ ಮೇಲಿನ ಸೂಕ್ಷ್ಮ ನಾದವೆಲ್ಲ ಹೆಚ್ಚುಕಡಿಮೆ ಸೋರಿಹೋಗುತ್ತದೆ. ಎಳೆಯರ ಕಿವಿಯಾದರೆ 20,000 ಹರ್ಟ್ಸ್‌ವರೆಗೂ ಕೇಳಬಲ್ಲದು. ಸಕಾರದ ಸೀಟಿಯಂಥ ಅಂಚು ಮೊಂಡಾಗುತ್ತದೆ, ತಂಬೂರಿಯ ಹೊಳಪು ಮಂಕಾಗುತ್ತದೆ, ಸಿಡಿಲು ಬಂದಾಗಲೆಲ್ಲ ಕರಕರ ಎನ್ನುತ್ತದೆ. ಆದರೂ ಯಾರಿಗೂ ಹಾಡಿನ ಮಾತು ತಪ್ಪಿಹೋಗಲಿಲ್ಲ. ಸ್ವರಗಳ ಮೈ, ಅಂದರೆ ಮಾತಿನ ಮುಖ್ಯ ಭಾಗ, ಇರುವುದೇ ಕೆಳಗಿನ ಪಟ್ಟಿಯಲ್ಲಿ. ಹಳೆಯ ದೂರವಾಣಿ 300ರಿಂದ 3,400 ಹರ್ಟ್ಸ್ ಒಳಗೇ ಸಂಸಾರದ ಮಾತನ್ನೆಲ್ಲ ಸಾಗಿಸಿತು. ಮಾತನ್ನು ನುಂಗುವುದು ಹೆಚ್ಚಾಗಿ ಅದರ ಮೇಲೆ ಹೇರಿದ ಹತ್ತಾರು ವಾದ್ಯಗಳು. ಒಂದು ಗಿಟಾರು, ಒಂದು ದನಿ ಇದ್ದಲ್ಲಿ ಟೇಪಿನ ಸುಯ್‌ ಸದ್ದು ಹಿಂದೆಯೇ ಉಳಿಯುತ್ತದೆ. ಹಾಡುವವಳು ಮೈಕಿನ ಹತ್ತಿರಕ್ಕೆ ಬಂದಷ್ಟೂ ದನಿಯ ತಗ್ಗಿನ ಭಾಗ ತುಂಬಿಕೊಳ್ಳುತ್ತದೆ, ಉಸಿರು ಎಳೆದುಕೊಂಡದ್ದೂ ಕೇಳುತ್ತದೆ. ಕಿವಿಯ ಪಕ್ಕದಲ್ಲೇ ಕೂತು ಹಾಡಿದಂತೆ ಅನ್ನಿಸುವುದು ಇದರಿಂದ.

ನಮ್ಮ ಸುಗಮ ಸಂಗೀತದ ದಾರಿ ಬೇರೆ. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದ್ದ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ 1978ರಲ್ಲಿ ಬಂದ ಮೇಲೆ ಭಾವಗೀತೆ ಮನೆಮನೆಯ ಮಾತಾಯಿತು. ಅಲ್ಲಿ ಬರೆಯುವುದು, ರಾಗ ಹಾಕುವುದು, ಹಾಡುವುದು ಹೆಚ್ಚಾಗಿ ಬೇರೆ ಬೇರೆಯವರ ಕೆಲಸ. ಅವರ ಹಿಂದೆ ವಾದ್ಯವೃಂದ, ಕ್ಯಾಸೆಟ್ ಕಂಪನಿ. ಆ ಏರ್ಪಾಡು ಕನ್ನಡಕ್ಕೆ ಕೊಟ್ಟದ್ದು ದೊಡ್ಡದು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದರಲ್ಲಿ ಹೆಣ್ಣಿನ ಪಾಲಿಗೆ ಬಂದದ್ದು ಹೆಚ್ಚಾಗಿ ಕೊನೆಯ ಕೆಲಸ, ಬೇರೆಯವರು ಬರೆದು ರಾಗ ಹಾಕಿದ್ದನ್ನು ಚೆನ್ನಾಗಿ ಹಾಡುವುದು. ತಾನೇ ಕಟ್ಟಿ ತಾನೇ ಹಾಡುವ ಹೆಣ್ಣು ನಮ್ಮಲ್ಲಿ ಇರಲಿಲ್ಲವೆಂದಲ್ಲ. ಮೊದಲು ಹೇಳಿದ ನವುಲೆಯ ರಸ್ತೆ ಸವಳಂಗ ಮುಟ್ಟಿದ ಮೇಲೆ ನ್ಯಾಮತಿ, ಹೊನ್ನಾಳಿ ದಾಟಿದರೆ ಮಲೇಬೆನ್ನೂರಿನ ಸೀಮೆ. ಹದಿನೆಂಟನೆಯ ಶತಮಾನದ ಹೆಳವನಕಟ್ಟೆ ಗಿರಿಯಮ್ಮ ಬಾಳಿದ್ದು ಅಲ್ಲಿ. ಕೀರ್ತನೆಗಳ ಜೊತೆಗೆ ‘ಚಂದ್ರಹಾಸನ ಕಥೆ’, ‘ಸೀತಾಕಲ್ಯಾಣ’ದಂಥ ದೀರ್ಘ ಹಾಡುಗಳನ್ನು ಆಕೆ ಕಟ್ಟಿದಳು. ಅವು ಉಳಿದುಬಂದದ್ದರಲ್ಲಿ ಹೆಂಗಸರ ಬಾಯಿಪಾಠದ್ದೂ, ಕೈಬರಹದ ಹಾಡಿನ ಪುಸ್ತಕಗಳದ್ದೂ ದೊಡ್ಡ ಪಾಲು. ಅಡುಗೆಮನೆ, ಜಗಲಿ, ದೇವರ ಕೋಣೆಯೇ ಆ ಹಾಡುಗಳ ಸಭೆ. ಬೀಸುವ ಪದವನ್ನು ಗಮನಿಸಿದರೆ ವಿಷಯ ಇನ್ನೂ ಸ್ಪಷ್ಟ: ಗೂಟ ಹಿಡಿದು ಕಲ್ಲನ್ನು ಒಂದು ಸುತ್ತು ಎಳೆಯುವ ಹೊತ್ತೇ ಸಾಲಿನ ಅಳತೆಯನ್ನು ತೀರ್ಮಾನಿಸುತ್ತದೆ, ಉಸಿರು ಬೀಳುವುದು ಕೈ ತಿರುಗಿದ ಕಡೆ. ಅಲ್ಲಿ ಕಲ್ಲಿನ ಗರಗರವೇ ತಾಳ. ಅದೇ ಪದವನ್ನು ಕೀಬೋರ್ಡು, ಕೊಳಲಿನ ಜೊತೆ ಸ್ಟುಡಿಯೋದಲ್ಲಿ ಹಾಡಿಸಿದಾಗ ಸದ್ದು ಚೊಕ್ಕವಾಗುತ್ತದೆ, ಸಾಲು ಅಷ್ಟೇ ಉದ್ದ ಏಕಿದೆ ಎಂಬುದರ ಕಾರಣ ಮಾಯವಾಗುತ್ತದೆ.

ಇಂಥ ಪದಗಳನ್ನು ಲೋ-ಫೈ ಇಂಡೀ ಫೋಕ್‌ಗೆ ಹೋಲಿಸುವುದಕ್ಕೂ ಆಕ್ಷೇಪವಿದೆ. ಬೀಸುವ ಪದ, ಸೋಬಾನೆ ಪದ ಹತ್ತು ಜನರ ಸ್ವತ್ತು. ಇಂಡೀ ಫೋಕ್ ಒಬ್ಬಳ ಒಳಮಾತು. ಕೂಲಿಗೆ, ಮನೆಗೆಲಸಕ್ಕೆ ಸಿಕ್ಕ ಹೆಂಗಸು ಕಲ್ಲಿನ ಮುಂದೆ ಹಾಡಿದ್ದು ಕಲೆಯ ಆಯ್ಕೆಯಲ್ಲ. ಮೈಕು ಕೊಟ್ಟಿದ್ದರೆ ಅವಳೂ ಚೊಕ್ಕವಾಗಿ ಹಾಡುತ್ತಿದ್ದಳು, ಇಲ್ಲದಿರುವಿಕೆಯನ್ನು ಚೆಂದಗಾಣಿಸುವುದು ಉಳ್ಳವರ ಚಪಲ ಎಂಬ ಮಾತು. ಇದರಲ್ಲಿ ಸತ್ಯವಿದೆ. ಒಳ್ಳೆಯ ಯಂತ್ರ ಸಿಕ್ಕರೆ ಯಾರೂ ಬೇಡವೆನ್ನಬೇಕಿಲ್ಲ, ಜನಪದ ಹಾಡುಗಾರ್ತಿಯ ದನಿಯನ್ನು ಆದಷ್ಟು ಚೆನ್ನಾಗಿ ಮುದ್ರಿಸಿಡುವುದೇ ಸರಿ. ಆದರೆ ಚೆನ್ನಾಗಿ ಮುದ್ರಿಸುವುದು ಬೇರೆ, ಹಾಡನ್ನು ತಿದ್ದುವುದು ಬೇರೆ. ಲೆಂಕರ್ ಬಳಸಿದ್ದು ಕಳಪೆ ಸಲಕರಣೆಯಲ್ಲ. ಹಕ್ಕಿಯ ಕೂಗನ್ನು ಅಳಿಸದೆ ಬಿಟ್ಟದ್ದು ತೀರ್ಮಾನ. ಹಾಡು ಹತ್ತು ಜನರದಾಗಲಿ ಒಬ್ಬಳದಾಗಲಿ, ಅಂಥ ತೀರ್ಮಾನ ಹಾಡುವವರ ಕೈಯಲ್ಲಿದೆಯೇ ಎಂಬುದು ಪ್ರಶ್ನೆ.

ಇನ್ನೊಂದು ಆಕ್ಷೇಪ ಇವತ್ತಿನದು, ಹೆಚ್ಚು ಗಟ್ಟಿಯಾದದ್ದು. ಈಗಿನ ಮೊಬೈಲು ಟೇಪಿನಂತೆ ಸುಯ್‌ಗುಟ್ಟುವುದಿಲ್ಲ. ಹಿಂದಿನ ಗದ್ದಲವನ್ನು ತಾನೇ ಅಳಿಸಿಹಾಕುವ ತಂತ್ರಾಂಶವೂ ಅದರಲ್ಲಿದೆ. ಹೀಗಿರುವಾಗ ಟೇಪಿನ ಸದ್ದು, ಗ್ರಾಮಫೋನ್ ತಟ್ಟೆಯ ಚಟಪಟವನ್ನು ಕಂಪ್ಯೂಟರಿನಲ್ಲಿ ಬೇಕೆಂದೇ ಬೆರೆಸುವವರಿದ್ದಾರೆ. ಓದುವಾಗ ಹಾಕಿಕೊಳ್ಳಲೆಂದು ಗಂಟೆಗಟ್ಟಲೆ ಹರಿಯುವ ಲೋ-ಫೈ ಸಂಗೀತದಲ್ಲಿ ಹಳೆತನ ಬರೀ ಬಣ್ಣ. ಹಾಗಾದರೆ ನಿಜವಾದದ್ದನ್ನು ಗುರುತಿಸುವುದು ಹೇಗೆ? ಸದ್ದು ಹಾಡಿಗೆ ತಕ್ಕಂತೆ ಬದಲಾಗುತ್ತದೆಯೇ ಎಂದು ನೋಡಬೇಕು. ಬೆರೆಸಿದ ಚಟಪಟ ಮೊದಲಿಂದ ಕೊನೆಯವರೆಗೆ ಸಾಮಾನ್ಯವಾಗಿ ಒಂದೇ ಸಮ ಇರುತ್ತದೆ, ಹಾಡಿದವಳಿಗೂ ಅದಕ್ಕೂ ಸಂಬಂಧವಿಲ್ಲ. ನಿಜವಾದ ಕೋಣೆಯಲ್ಲಿ ಅವಳು ಮೆಲ್ಲಗೆ ಹಾಡಿದಾಗ ಹೊರಗಿನ ಸದ್ದು ಮುಂದೆ ಬರುತ್ತದೆ, ದನಿ ಏರಿದಾಗ ಹಿಂದೆ ಸರಿಯುತ್ತದೆ. ತಂತಿಯ ಮೇಲೆ ಬೆರಳು ಜಾರಿದ ಸದ್ದು ಬರುವುದು ಅವಳು ಪಟ್ಟು ಬದಲಿಸಿದಾಗ ಮಾತ್ರ.

ಹಾಗೆಂದು ಕೋಣೆ ನಿಜವಾದ ಮಾತ್ರಕ್ಕೆ ಹಾಡು ಒಳ್ಳೆಯದಾಗುವುದಿಲ್ಲ. ಸೋಮಾರಿ ಸಾಲು, ಎಲ್ಲೂ ಹೋಗದ ರಾಗ ಎಷ್ಟು ಪ್ರಾಮಾಣಿಕ ಗೊರಗೊರದ ನಡುವೆ ಬಂದರೂ ಸೋಮಾರಿಯೇ. ಇಲ್ಲಿ ಅಲಂಕಾರ ಕಡಿಮೆಯಿರುವುದರಿಂದ ಬರವಣಿಗೆಯ ದೋಷ ಬೇಗ ಬಯಲಾಗುತ್ತದೆ. ಆದ್ದರಿಂದ ಒಂದು ಆಲ್ಬಮ್ಮನ್ನು ಎರಡು ಸಲ ಕೇಳುವುದು ಒಳ್ಳೆಯದು: ಒಮ್ಮೆ ಇಯರ್‌ಫೋನ್ ಹಾಕಿಕೊಂಡು, ಉಸಿರು, ಬೆರಳು, ಕೋಣೆ ಎಲ್ಲವನ್ನೂ ಗಮನಿಸುತ್ತ, ಇನ್ನೊಮ್ಮೆ ಸಾದಾ ಮೊಬೈಲ್ ಸ್ಪೀಕರಿನಲ್ಲಿ, ಮಾತು ಮತ್ತು ರಾಗ ಮಾತ್ರ ಉಳಿಯುವಂತೆ. ಎರಡನೆಯ ಸಲವೂ ನಿಂತ ಹಾಡು ಗಟ್ಟಿ. ಮೊದಲ ಸಲ ಮಾತ್ರ ಚೆಂದ ಅನ್ನಿಸಿದ್ದು ಬರೀ ವಾತಾವರಣ. ಕನ್ನಡದಲ್ಲಿ ತಾವೇ ಬರೆದು ಹಾಡುವ ಹೆಣ್ಣುಮಕ್ಕಳಿಗೆ ನಾವು ಕೊಡಬೇಕಾದದ್ದು ರಿಯಾಯಿತಿಯಲ್ಲ, ಈ ಕಟ್ಟುನಿಟ್ಟಿನ ಕಿವಿ: ಮುದ್ರಣ ಒರಟಾಗಿದೆಯೆಂದು ತಳ್ಳದ, ಒರಟಾಗಿದೆಯೆಂದೇ ಹೊಗಳದ, ಅವಳು ಬರೆದದ್ದನ್ನು ಬರೆದದ್ದೆಂದೇ ತೂಗುವ ಕಿವಿ.