ನಾಯಿ–ಬೆಕ್ಕುಗಳ ಕಿವಿ ಸೋರುವುದೇಕೆ? ಯೀಸ್ಟ್ ಸೋಂಕಿನ ಚಿಕಿತ್ಸೆ ಮತ್ತು ತಡೆ



ಗದಗ ತಾಲೂಕಿನ ಹರ್ತಿ ಮತ್ತು ಅದರ ಸುತ್ತಲಿನ ಎರಿಹೊಲದ ಊರುಗಳಲ್ಲಿ ನಾಯಿ ಇಲ್ಲದ ಹೊಲಮನೆ, ಬೆಕ್ಕು ಇಲ್ಲದ ಕಾಳಿನ ಕೋಣೆ ಅಪರೂಪ. ಶೇಂಗಾ ಒಣಹಾಕಿದ ಕಣ, ಮೇವಿನ ಬಣವಿ, ಕುರಿಹಟ್ಟಿ ಇವುಗಳ ರಾತ್ರಿ ಕಾವಲು ನಿಂತಿರುವುದು ನಾಯಿಯ ಕಿವಿಯ ಮೇಲೆ. ಆದರೆ ಎತ್ತು ಕುಂಟಿದರೆ ಅಂದೇ ಪಶುವೈದ್ಯರನ್ನು ಕರೆತರುವ ನಾವು, ನಾಯಿ ವಾರಗಟ್ಟಲೆ ತಲೆ ಕೊಡವುತ್ತಿದ್ದರೂ ಅತ್ತ ನೋಡುವುದಿಲ್ಲ. ನೋಡಿದರೂ ನಾಲ್ಕು ಹನಿ ಬಿಸಿ ಎಣ್ಣೆ ಬಿಟ್ಟು ಸುಮ್ಮನಾಗುತ್ತೇವೆ. ಹೀಗೆ ಬಿಟ್ಟ ಕಿವಿಯ ಚರ್ಮ ಕ್ರಮೇಣ ದಪ್ಪಗಟ್ಟಿ, ನಾಳ ಕಿರಿದಾಗಿ, ಕಡೆಗೆ ಮುಚ್ಚಿಯೇ ಹೋಗುತ್ತದೆ. ಆಗ ಶಸ್ತ್ರಚಿಕಿತ್ಸೆಯೊಂದೇ ದಾರಿ. ಕಿವುಡಾದ ನಾಯಿ ಕಣ ಕಾಯಲಾರದು.

ಹೊರಗಿನಿಂದ ಬಂದ ಶತ್ರುವಲ್ಲ

ಇಂಥ ಕಿವಿಸೋರಿಕೆಗೆ ಬಹಳ ಸಲ ಕಾರಣವಾಗುವುದು ಮಲಸೀಝಿಯಾ ಎಂಬ ಯೀಸ್ಟ್. ಇದು ಒಂದು ಬಗೆಯ ಶಿಲೀಂಧ್ರ. ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟಿಗೆ ದೂರದ ಬಂಧು. ಸೂಕ್ಷ್ಮದರ್ಶಕದಲ್ಲಿ ಕಂಡರೆ ನಡುವೆ ಸೊಂಟವಿರುವ ಶೇಂಗಾಕಾಯಿಯನ್ನೇ ಹೋಲುತ್ತದೆ. ನಮ್ಮ ಭಾಗದವರಿಗೆ ಒಮ್ಮೆ ತೋರಿಸಿದರೆ ಸಾಕು, ಮರೆಯುವುದಿಲ್ಲ. 1925ರಲ್ಲಿ ವೀಡ್ಮನ್ ಎಂಬ ವಿಜ್ಞಾನಿ ಇದನ್ನು ಮೊದಲು ವರ್ಣಿಸಿದ್ದು ನಾಯಿಯಿಂದಲ್ಲ, ಚರ್ಮರೋಗ ಹತ್ತಿದ ಭಾರತೀಯ ಘೇಂಡಾಮೃಗವೊಂದರಿಂದ. ದಪ್ಪ ಚರ್ಮದ ಪ್ರಾಣಿ ಎಂಬ ಅರ್ಥದಲ್ಲಿ ಇಟ್ಟ ‘ಪ್ಯಾಕಿಡರ್ಮಾಟಿಸ್’ ಎಂಬ ಹೆಸರು, ನಾಯಿಯ ಕಿವಿಯಲ್ಲಿ ಸಿಗುವ ಜಾತಿಗೂ ಇಂದಿಗೆ ಅದೇ ಆಗಿದೆ.

ಇಲ್ಲಿ ಮುಖ್ಯವಾಗಿ ತಿಳಿಯಬೇಕಾದದ್ದು ಒಂದಿದೆ. ಈ ಯೀಸ್ಟ್ ಆರೋಗ್ಯವಂತ ನಾಯಿಯ ಕಿವಿಯಲ್ಲಿಯೂ ಅಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತದೆ. ಹೊಲದಲ್ಲಿ ಕಳೆಯ ಬೀಜ ಸದಾ ಇದ್ದರೂ ಹದ ಸಿಕ್ಕಾಗ ಮಾತ್ರ ಮೊಳೆಯುವಂತೆ, ಕಿವಿಯ ಒಳಗೆ ತೇವ, ಜಿಡ್ಡು, ಉರಿಯೂತ ಹೆಚ್ಚಿದಾಗ ಇದು ಮಿತಿಮೀರಿ ಬೆಳೆಯುತ್ತದೆ. ಆದ್ದರಿಂದ ಯೀಸ್ಟನ್ನು ಕೊಲ್ಲುವ ಔಷಧ ಹಾಕಿದರೆ ಅರ್ಧ ಕೆಲಸ ಮಾತ್ರ ಆದಂತೆ. ಆ ಹದವನ್ನು ಒದಗಿಸಿದ್ದು ಏನೆಂದು ಹುಡುಕದಿದ್ದರೆ ತಿಂಗಳು ಕಳೆಯುವುದರೊಳಗೆ ಕಿವಿ ಮತ್ತೆ ಸೋರತೊಡಗುತ್ತದೆ.

ನಾಯಿಯ ಕಿವಿಯ ರಚನೆಯೂ ಇದಕ್ಕೆ ಅನುಕೂಲವಾಗಿದೆ. ಅದರ ಕಿವಿನಾಳ ಮೊದಲು ಕೆಳಮುಖವಾಗಿ ಇಳಿದು, ಬಳಿಕ ಮಡಚಿದ ಮೊಣಕೈಯಂತೆ ಒಳಕ್ಕೆ ತಿರುಗುತ್ತದೆ. ತಿರುವಿನ ಕೆಳಗೆ ಸೇರಿದ ನೀರು, ಹೊಲಸು ತಾನಾಗಿ ಹೊರಬರುವುದು ಕಷ್ಟ. ಮುಧೋಳ ನಾಯಿಯಂತೆ ಕಿವಿ ಜೋತುಬಿದ್ದಿದ್ದರೆ ಗಾಳಿ ಆಡುವುದೂ ಕಡಿಮೆ. ಆದರೆ ಜೋಲುಕಿವಿಯೊಂದೇ ರೋಗಕ್ಕೆ ಕಾರಣವೆಂದು ತಿಳಿಯಬಾರದು. ಜೋಲುಕಿವಿಯ ಎಷ್ಟೋ ನಾಯಿಗಳಿಗೆ ಜೀವಮಾನದಲ್ಲಿ ಒಮ್ಮೆಯೂ ಕಿವಿ ಸೋರುವುದಿಲ್ಲ.

ಗುರುತಿಸುವ ಬಗೆ

ತಲೆ ಕೊಡವುವುದು, ಹಿಂಗಾಲಿನಿಂದ ಕಿವಿ ಕೆರೆದುಕೊಳ್ಳುವುದು, ಕಿವಿಯನ್ನು ಗೋಡೆಗೆ ಉಜ್ಜುವುದು ಮೊದಲ ಲಕ್ಷಣಗಳು. ಕಿವಿ ಎತ್ತಿ ನೋಡಿದರೆ ಒಳಚರ್ಮ ಕೆಂಪಾಗಿದ್ದು, ಕಂದುಬಣ್ಣದ ಅಂಟಂಟಾದ ಮೇಣದಂಥ ಹೊಲಸು ಕಾಣುತ್ತದೆ. ಕೆಟ್ಟ ಎಣ್ಣೆಯಂತೆ ಕಮಟು, ಹುಳಿ ವಾಸನೆ ಬರುತ್ತದೆ.

ಆದರೆ ಸೋರುವ ಕಿವಿಯೆಲ್ಲ ಯೀಸ್ಟಿನದಲ್ಲ. ಹಳದಿ ಇಲ್ಲವೆ ಹಸಿರು ಕೀವು, ಹುಣ್ಣು, ಮುಟ್ಟಗೊಡದಷ್ಟು ನೋವು ಇದ್ದರೆ ಬ್ಯಾಕ್ಟೀರಿಯಾ ಸೋಂಕಿನ ಸಂಶಯ ಪಡಬೇಕು. ಚಹಾಪುಡಿಯಂತೆ ಕಪ್ಪಗೆ, ಒಣಗಿದ ಹೊಲಸಿದ್ದರೆ, ಅದರಲ್ಲೂ ಬೆಕ್ಕು ಮತ್ತು ಮರಿಗಳಲ್ಲಿ, ಅದು ಕಿವಿನುಸಿ ಇರಬಹುದು. ಒಂದೇ ಕಿವಿಯಲ್ಲಿ ಒಮ್ಮಿಂದೊಮ್ಮೆಲೆ ಬಾಧೆ ಕಂಡರೆ ತೆನೆಯ ಸುಂಕು, ಹುಲ್ಲಿನ ಮುಳ್ಳು ಇಲ್ಲವೆ ಉಣ್ಣೆ ಒಳಹೊಕ್ಕಿರಬಹುದು. ಸುಗ್ಗಿಯ ಕಾಲದಲ್ಲಿ ಇದನ್ನು ಮೊದಲು ನೆನೆಯಿರಿ. ಇವೆಲ್ಲ ಒಂದರ ಮೇಲೊಂದು ಕೂಡಿಯೂ ಬರುತ್ತವೆ. ಕಣ್ಣಂದಾಜಿನಿಂದ ಬೇರ್ಪಡಿಸಲು ವೈದ್ಯರಿಗೂ ಆಗದು. ಕಿವಿಯ ಹೊಲಸನ್ನು ಹತ್ತಿಯ ಕಡ್ಡಿಯಿಂದ ಗಾಜಿನ ಪಟ್ಟಿಗೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಲವೇ ನಿಮಿಷಗಳಲ್ಲಿ ಗೊತ್ತಾಗುತ್ತದೆ. ಈ ಪರೀಕ್ಷೆ ಮಾಡಿರೆಂದು ಕೇಳಲು ಸಂಕೋಚ ಬೇಡ.

ತಲೆ ಒಂದು ಬದಿಗೆ ವಾಲಿದ್ದರೆ, ನಾಯಿ ತಟ್ಟಾಡುತ್ತಿದ್ದರೆ, ಸುತ್ತು ಹಾಕುತ್ತಿದ್ದರೆ ರೋಗ ಒಳಕಿವಿಗೆ ಇಳಿದಿದೆಯೆಂದು ತಿಳಿದು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ನಾಯಿಯ ನಡವಳಿಕೆಯೇ ಬದಲಾಗಿ, ಜೊಲ್ಲು ಸುರಿಸುತ್ತ ಸಿಕ್ಕಸಿಕ್ಕವರ ಮೇಲೆ ಬೀಳುತ್ತಿದ್ದರೆ ಅದು ಕಿವಿಯ ಮಾತಲ್ಲ. ಹುಚ್ಚುನಾಯಿ ರೋಗವಿರಬಹುದು, ಮುಟ್ಟಲೇಬಾರದು.

ಕಿವಿಗೆ ಏನು ಹಾಕಬಾರದು

ಎಣ್ಣೆಯ ಮಾತನ್ನು ಮೊದಲು ಹೇಳಬೇಕು. ಈ ಯೀಸ್ಟ್ ಬದುಕುವುದೇ ಚರ್ಮದ ಜಿಡ್ಡಿನ ಮೇಲೆ. ಪ್ರಯೋಗಶಾಲೆಯಲ್ಲಿ ಮಲಸೀಝಿಯಾಗಳನ್ನು ಬೆಳೆಸಬೇಕಾದಾಗ ಆಲಿವ್ ಎಣ್ಣೆ ಬೆರೆಸಿದ ಮಾಧ್ಯಮವನ್ನೇ ಬಳಸುವುದುಂಟು. ಅಂದಮೇಲೆ ಕೊಬ್ಬರಿ ಎಣ್ಣೆ, ಕುಸುಬೆ ಎಣ್ಣೆ ಸುರಿಯುವುದು ಕಳೆಗೆ ಗೊಬ್ಬರ ಕೊಟ್ಟಂತೆಯೇ ಸರಿ. ಸೀಮೆಎಣ್ಣೆ, ಫಿನಾಯಿಲ್, ತಂಬಾಕಿನ ರಸ ಇವು ಸುಟ್ಟಗಾಯ ಮಾಡುತ್ತವೆ ಇಲ್ಲವೆ ವಿಷವಾಗುತ್ತವೆ. ಹಸಿ ಚರ್ಮದ ಮೇಲೆ ಸ್ಪಿರಿಟ್, ವಿನೆಗರ್, ನಿಂಬೆರಸ ಬಿಟ್ಟರೆ ಉರಿ ತಾಳದೆ ನಾಯಿ ಕಚ್ಚುತ್ತದೆ. ಮತ್ತೆಂದೂ ಕಿವಿ ಮುಟ್ಟಗೊಡುವುದಿಲ್ಲ.

ಮನೆಯಲ್ಲಿ ಉಳಿದ ಮನುಷ್ಯರ ಕಿವಿಯ ಹನಿಯನ್ನೂ ಹಾಕಬಾರದು. ಕಿವಿತಮಟೆ ಹರಿದಿದ್ದಾಗ ಜೆಂಟಾಮೈಸಿನ್, ನಿಯೋಮೈಸಿನ್‌ನಂಥ ಔಷಧಗಳು ಒಳಕಿವಿಗೆ ಇಳಿದು ಶ್ರವಣಶಕ್ತಿಯನ್ನೇ ಕೆಡಿಸಬಲ್ಲವು. ತಮಟೆ ಸರಿಯಿದೆಯೇ ಎಂದು ವೈದ್ಯರು ದೀಪದ ಉಪಕರಣದಿಂದ ನೋಡಿದ ಮೇಲೆಯೇ ಔಷಧ ಆರಿಸಬೇಕು.

ಚಿಕಿತ್ಸೆ

ಚಿಕಿತ್ಸೆಯ ಮೊದಲ ಹೆಜ್ಜೆ ಶುಚಿ. ಹೊಲಸಿನ ಮೇಲೆ ಹಾಕಿದ ಔಷಧ ಚರ್ಮವನ್ನು ಮುಟ್ಟುವುದೇ ಇಲ್ಲ. ವೈದ್ಯರು ಕೊಟ್ಟ ಕಿವಿ ತೊಳೆಯುವ ದ್ರಾವಣದ ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ಅದರ ತಣ್ಣಗಿನ ಚಳಿ ಬಿಡಿಸಿರಿ. ಮನೆಯ ಇನ್ನೊಬ್ಬರು ನಾಯಿಯ ಮುಸುಡಿಗೆ ಮೆತ್ತನೆಯ ಬಟ್ಟೆಯ ಪಟ್ಟಿ ಕಟ್ಟಿ ಹಿಡಿದುಕೊಳ್ಳಲಿ. ಕಿವಿಯನ್ನು ಮೇಲಕ್ಕೆತ್ತಿ ನಾಳ ತುಂಬುವಷ್ಟು ದ್ರಾವಣ ಬಿಟ್ಟು, ಕಿವಿಯ ಬುಡವನ್ನು ಅರ್ಧ ನಿಮಿಷ ಮೆಲ್ಲಗೆ ಹಿಸುಕಿರಿ. ಪಿಚಪಿಚ ಸಪ್ಪಳ ಕೇಳಬೇಕು. ಬಳಿಕ ಬಿಟ್ಟರೆ ನಾಯಿ ತಾನೇ ತಲೆ ಕೊಡವಿ ಹೊಲಸನ್ನು ಹೊರಗೆ ಚೆಲ್ಲುತ್ತದೆ. ಹೊರಬಂದದ್ದನ್ನು ಬೆರಳಿಗೆ ಸುತ್ತಿದ ಹತ್ತಿಯಿಂದ ಒರೆಸಿರಿ. ಕಡ್ಡಿ, ಪಿನ್ನು ಒಳಗೆ ತೂರಿಸಿದರೆ ಹೊಲಸನ್ನು ತಮಟೆಯವರೆಗೆ ಒತ್ತಿ ತುಂಬಿದಂತಾಗುತ್ತದೆ.

ಕಾಲು ಗಂಟೆ ಬಿಟ್ಟು ಔಷಧ ಹಾಕಬೇಕು. ಕ್ಲೋಟ್ರಿಮಝೋಲ್ ಅಥವಾ ಮೈಕೋನಝೋಲ್ ಇರುವ ಹನಿಗಳು ಯೀಸ್ಟಿಗೆ ಚೆನ್ನಾಗಿ ಕೆಲಸ ಮಾಡುತ್ತವೆ. ಬಾವು ಇಳಿಸಲು ಇವುಗಳ ಜೊತೆ ಸ್ಟೀರಾಯ್ಡ್ ಬೆರೆತಿರುವುದುಂಟು. ರೋಗ ಬಲಿತಿದ್ದರೆ ವೈದ್ಯರು ಇಟ್ರಕೋನಝೋಲ್ ಮಾತ್ರೆ ಕೊಡಬಹುದು. ಅದು ಯಕೃತ್ತಿಗೆ ಭಾರವಾಗಬಹುದಾದ್ದರಿಂದ ಸ್ವಂತ ಬುದ್ಧಿಯಿಂದ ತಂದು ಹಾಕುವಂಥದಲ್ಲ.

ಸಾಮಾನ್ಯವಾಗಿ 2ರಿಂದ 4 ವಾರ ಚಿಕಿತ್ಸೆ ಬೇಕಾಗುತ್ತದೆ. ನಾಲ್ಕನೆಯ ದಿನವೇ ಕೆರೆತ ನಿಂತು ವಾಸನೆ ಹೋಗುತ್ತದೆ, ನಾವು ಬಾಟಲಿಯನ್ನು ಮಾಡಿಗೆ ಸಿಕ್ಕಿಸಿ ಮರೆಯುತ್ತೇವೆ. ರೋಗ ಮರುಕಳಿಸುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇರೆ ಬೇಡ. ಮರುಪರೀಕ್ಷೆಯಲ್ಲಿ ಯೀಸ್ಟ್ ಕಡಿಮೆಯಾಗಿದೆಯೆಂದು ಕಂಡ ನಂತರವೇ ಔಷಧ ನಿಲ್ಲಿಸಬೇಕು. ತಲೆ ಕೊಡವಿ ಕೊಡವಿ ಕಿವಿಯ ಎಲೆಯಲ್ಲಿ ರಕ್ತ ತುಂಬಿ ಊದಿಕೊಂಡಿದ್ದರೆ ಸೂಜಿ ಚುಚ್ಚುವ ಸಾಹಸ ಬೇಡ.

ಈ ಯೀಸ್ಟ್ ಮನುಷ್ಯರಿಗೆ ಅಂಟುವುದು ಬಹಳ ವಿರಳ. ಆದರೂ ಅಮೆರಿಕದ ಒಂದು ಆಸ್ಪತ್ರೆಯ ನವಜಾತ ಶಿಶುಗಳ ವಿಭಾಗದಲ್ಲಿ ಇದು ಕಾಣಿಸಿಕೊಂಡು, ಅಲ್ಲಿನ ಸಿಬ್ಬಂದಿಯ ಸಾಕುನಾಯಿಗಳಿಂದ ಕೈಗಳ ಮೂಲಕ ಬಂದಿರಬೇಕೆಂದು 1998ರಲ್ಲಿ ವರದಿಯಾಗಿತ್ತು. ಮನೆಯಲ್ಲಿ ತೊಟ್ಟಿಲ ಕೂಸಿದ್ದರೆ ಕಿವಿ ತೊಳೆದ ಮೇಲೆ ಸಾಬೂನಿನಿಂದ ಕೈ ತೊಳೆಯಲು ಮರೆಯಬೇಡಿ.

ಬೆಕ್ಕುಗಳ ವಿಷಯ

ಬೆಕ್ಕಿಗೆ ಯೀಸ್ಟ್ ಸೋಂಕು ನಾಯಿಯಷ್ಟು ಸಾಮಾನ್ಯವಲ್ಲ. ಬಂದಾಗ ಹಿಂದೆ ಕಿವಿನುಸಿ ಇರುವುದೇ ಹೆಚ್ಚು. ನುಸಿ ಒಂದರಿಂದ ಒಂದಕ್ಕೆ ಹರಡುವುದರಿಂದ ಮನೆಯ ಎಲ್ಲ ಬೆಕ್ಕು, ನಾಯಿಗಳಿಗೂ ಒಟ್ಟಿಗೆ ಚಿಕಿತ್ಸೆಯಾಗಬೇಕು. ಮುದಿ ಬೆಕ್ಕಿನ ಕಿವಿಯಲ್ಲಷ್ಟೇ ಅಲ್ಲದೆ ಮೈಮೇಲೆಲ್ಲ ಯೀಸ್ಟ್ ಹಬ್ಬಿದ್ದರೆ ಒಳಗಿನ ಗಂಭೀರ ಕಾಯಿಲೆಯ ಸೂಚನೆ ಇರಬಹುದು. ದನಗಳ ಉಣ್ಣೆಗೆ ಬಳಸುವ ಸೈಪರ್‌ಮೆಥ್ರಿನ್, ಅಮಿಟ್ರಾಜ್ ಔಷಧಗಳನ್ನು ಬೆಕ್ಕಿಗೆ ಎಂದೂ ಹಚ್ಚಬಾರದು, ಪ್ರಾಣಕ್ಕೇ ಅಪಾಯ.

ಮರುಕಳಿಸದಂತೆ

ವರ್ಷದಲ್ಲಿ ಎರಡು ಮೂರು ಸಲ ಕಿವಿ ಸೋರುವ ನಾಯಿಯ ಪಾದ, ಕಂಕುಳು, ಹೊಟ್ಟೆಯ ಅಡಿಯನ್ನೂ ನೋಡಿರಿ. ಅಲ್ಲಿಯೂ ಕೆಂಪಾಗಿ, ಸದಾ ನೆಕ್ಕಿಕೊಳ್ಳುತ್ತಿದ್ದರೆ ಮೂಲ ಕಾರಣ ಅಲರ್ಜಿ. ಚಿಗಟ, ಧೂಳಿನ ನುಸಿ, ಹೂವಿನ ಪರಾಗ, ತಿನ್ನುವ ಆಹಾರ ಇವುಗಳಲ್ಲಿ ಯಾವುದೂ ಇರಬಹುದು. ಆಹಾರದಲ್ಲಿ ದನದ ಮಾಂಸ, ಹಾಲು, ಕೋಳಿ, ಗೋದಿಗಳ ಮೇಲೆ ಹೆಚ್ಚು ಸಂಶಯ. ವೈದ್ಯರ ಸಲಹೆಯಂತೆ 8 ವಾರ ಇವನ್ನು ಬಿಟ್ಟು, ನಾಯಿ ಹಿಂದೆ ತಿನ್ನದ ಒಂದೆರಡು ಪದಾರ್ಥಗಳನ್ನಷ್ಟೇ ಕೊಟ್ಟು ನೋಡುವುದೊಂದೇ ಖಚಿತ ಪರೀಕ್ಷೆ. ಅಷ್ಟು ದಿನ ನೆರೆಮನೆಯವರೂ ತುಣುಕು ಹಾಕದಂತೆ ನೋಡಿಕೊಳ್ಳುವುದೇ ಹಳ್ಳಿಯಲ್ಲಿ ದೊಡ್ಡ ಕಷ್ಟ.

ಕೆರೆ, ಕೃಷಿಹೊಂಡಗಳಲ್ಲಿ ಈಜಿ ಬಂದ ನಾಯಿಯ ಕಿವಿಯನ್ನು ಒಣಬಟ್ಟೆಯಿಂದ ಒರೆಸಿರಿ. ಮೈತೊಳೆಯುವಾಗ ಕಿವಿಗೆ ನೀರು ಬೀಳದಂತೆ ಹುಷಾರಾಗಿರಿ. ವಾರಕ್ಕೊಮ್ಮೆ ಕಿವಿ ಎತ್ತಿ ಮೂಸಿ ನೋಡಿದರೆ ಸಾಕು. ವಾಸನೆ ಇಲ್ಲದ, ಶುಚಿಯಾದ ಕಿವಿಯನ್ನು ಮತ್ತೆ ಮತ್ತೆ ತೊಳೆಯುವುದರಿಂದಲೇ ಚರ್ಮ ನೆನೆದು ರೋಗಕ್ಕೆ ದಾರಿಯಾಗುತ್ತದೆ.

ಸಮೀಪದ ಪಶು ಆಸ್ಪತ್ರೆಗೆ ಅಥವಾ ಗದಗದ ಪಶುವೈದ್ಯಕೀಯ ಮಹಾವಿದ್ಯಾಲಯಕ್ಕೆ ನಾಯಿಯನ್ನು ಒಯ್ಯುವ ದಿನ ಮಾತ್ರ ಕಿವಿಯನ್ನು ತೊಳೆಯದೆ, ಹೊಲಸಿದ್ದ ಹಾಗೆಯೇ ಕರೆದೊಯ್ಯಿರಿ. ಪರೀಕ್ಷೆಗೆ ಅದೇ ಬೇಕು. ಈ ಮೊದಲು ಹಾಕಿದ ಔಷಧದ ಖಾಲಿ ಬಾಟಲಿಯಿದ್ದರೆ ಅದನ್ನೂ ಜೊತೆಗೆ ಒಯ್ಯಿರಿ.