ಉರುಳಿದರೆ ಬಂಡಿ, ಮಡಚಿದರೆ ಗಂಟು

ಹಂಪಿ ಎಕ್ಸ್‌ಪ್ರೆಸ್ ಬಳ್ಳಾರಿಗೆ ಬರುವುದು ಬೆಳಗಿನ ಜಾವ. ಕಳೆದ ಮಾರ್ಚಿನಲ್ಲಿ ತಂಗಿ ಎಂಟು ತಿಂಗಳ ಕೂಸನ್ನು ಕರೆದುಕೊಂಡು ಬೆಂಗಳೂರಿನಿಂದ ಬಂದಳು. ಬೋಗಿಯ ಬಾಗಿಲಲ್ಲಿ ಮೊದಲು ಕಂಡದ್ದು ಅವಳೂ ಅಲ್ಲ, ಕೂಸೂ ಅಲ್ಲ. ಕರಿ ಬಟ್ಟೆಯ ಒಂದು ಗಂಟು. "ಅಣ್ಣಾ, ಮೊದ್ಲು ಇದನ್ನ ಹಿಡಿ" ಎಂದಳು. ಹಿಡಿದೆ. ಆರು ಕಿಲೋ ಇದ್ದೀತು. ಕೆಳಗಿಳಿದವಳೇ ಕೂಸನ್ನು ಎಡಗಡೆ ಟೊಂಕಕ್ಕೆ ಬದಲಾಯಿಸಿಕೊಂಡು, ಬಲಗೈಯಲ್ಲಿ ಆ ಗಂಟಿನ ಹಿಡಿ ಹಿಡಿದು ಗುಂಡಿ ಒತ್ತಿ ಒಮ್ಮೆ ಕೊಡವಿದಳು. ಟಕ್ ಎಂದಿತು. ಗಂಟು ಬಂಡಿಯಾಗಿ ನಿಂತಿತು. ಹೊರಗೆ ಆಟೋದಲ್ಲಿ ಕಾಯುತ್ತಿದ್ದ ಅವ್ವನಿಗೆ, ಹತ್ತುವಾಗ ಅದು ಮತ್ತೆ ಗಂಟಾದದ್ದನ್ನು ಕಂಡು ನಗು ತಡೆಯಲಾಗಲಿಲ್ಲ. "ಇದೇನ್ಲೇ, ಕೊಡೀನಾ ಬಂಡೀನಾ?"

ತಮಾಷೆಗೆ ಕೇಳಿದ್ದರೂ ಅವ್ವ ಸರಿಯಾದ ಜಾಗಕ್ಕೇ ಕೈ ಹಾಕಿದ್ದಳು. ಮಡಚುವ ಕೂಸಿನ ಗಾಡಿಗೆ ಕೊಡೆಯೇ ತಾಯಿ. ಅದಕ್ಕೂ ಮುಂಚೆ ಇದ್ದವು ತೊಟ್ಟಿಲಿಗೆ ನಾಲ್ಕು ಗಾಲಿ ಕಟ್ಟಿದಂಥ ಭಾರಿ ಪ್ರಾಮುಗಳು. 1733ರಲ್ಲಿ ವಿಲಿಯಂ ಕೆಂಟ್ ಎಂಬ ಇಂಗ್ಲಿಷ್ ವಿನ್ಯಾಸಗಾರ ಡೆವನ್‌ಶೈರ್ ಡ್ಯೂಕನ ಮಕ್ಕಳಿಗೆ ಮಾಡಿಕೊಟ್ಟ ಗಾಡಿಯನ್ನು ತಳ್ಳುವಂತೆಯೇ ಇರಲಿಲ್ಲ, ಮೇಕೆಯೋ ಪುಟ್ಟ ಕುದುರೆಯೋ ಎಳೆಯಬೇಕಿತ್ತು. ದೊಡ್ಡ ಮನೆ, ದೊಡ್ಡ ತೋಟ, ಆಳುಕಾಳು ಇದ್ದವರ ಗಾಡಿ ಅದು. ಅದನ್ನು ರೈಲಿಗೆ ಹತ್ತಿಸುವ ಯೋಚನೆ ಯಾರಿಗೂ ಬರುವಂತಿರಲಿಲ್ಲ.

ಕೈಯಲ್ಲಿ ಎತ್ತಿ ಒಯ್ಯುವಂಥ ಗಾಡಿಯ ಯೋಚನೆ ಬಂದದ್ದು ವಿಮಾನದ ಕೆಲಸದವರೊಬ್ಬರಿಗೆ. ಓವನ್ ಮ್ಯಾಕ್ಲಾರೆನ್ ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಗಾಲಿಕಾಲುಗಳ ವಿನ್ಯಾಸದಲ್ಲಿ ದುಡಿದವರು. ನೆಲ ಬಿಟ್ಟ ಕೂಡಲೇ ಆ ಕಾಲುಗಳು ಮಡಚಿ ರೆಕ್ಕೆಯೊಳಗೆ ಅಡಗಬೇಕು, ಇಳಿಯುವಾಗ ನೆಟ್ಟಗೆ ನಿಂತು ಇಡೀ ವಿಮಾನದ ಏಟು ತಿನ್ನಬೇಕು. ನಿವೃತ್ತಿಯ ಕಾಲದಲ್ಲಿ ಮಗಳು ಕೂಸಿನೊಂದಿಗೆ ವಿದೇಶದಿಂದ ಬಂದಾಗ ಆಕೆ ಭಾರದ ಪ್ರಾಮಿನೊಂದಿಗೆ ಪಡುತ್ತಿದ್ದ ಪಾಡನ್ನು ನೋಡಿದರು. ಅಲ್ಯುಮಿನಿಯಂ ಕೊಳವೆಗಳನ್ನು ಜೋಡಿಸಿ, ಕೊಡೆಯಂತೆ ಉದ್ದಕ್ಕೆ ಮುದುಡುವ ಗಾಡಿಗೆ 1965ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು. 1967ರಲ್ಲಿ ಅದು ಅಂಗಡಿಗೆ ಬಂತು. ತೂಕ ಮೂರು ಕಿಲೋಗಿಂತ ಕಡಿಮೆ. ಮೊಮ್ಮಗುವಿಗಾಗಿ ಅಜ್ಜ ಮಾಡಿದ ಯಂತ್ರ ಎಂಬುದು ನನಗೆ ಅದರ ಬಗ್ಗೆ ಇರುವ ಪ್ರೀತಿಗೆ ಒಂದು ಕಾರಣ.

ಪಕ್ಕದ ಮನೆಯವರ ಅಟ್ಟದಲ್ಲಿ ಅದೇ ಕೊಡೆ ಜಾತಿಯ ಹಳೆಯದೊಂದಿತ್ತು. ಇಳಿಸಿ, ಧೂಳು ಕೊಡವಿ, ಪಡಸಾಲೆಯಲ್ಲಿ ಬಿಚ್ಚಿ ನೋಡಿದೆ. ಸೀಟಿನ ಕೆಳಗೆ ಒಂದು, ಬೆನ್ನಿಗೆ ಒಂದು, ಕತ್ತರಿಯಂತೆ ಅಡ್ಡಡ್ಡ ಕೂತ ಸರಳುಗಳು. ನಡುವೆ ಒಂದೊಂದು ರಿವೆಟ್ಟು. ಕತ್ತರಿ ತೆರೆದರೆ ಗಾಡಿ ಅಗಲ, ಮುಚ್ಚಿದರೆ ಕೋಲು. ಆದರೆ ಕೂಸು ಕೂತಾಗ ಈ ಕತ್ತರಿ ತಾನಾಗಿ ಮುಚ್ಚಿಕೊಳ್ಳುವುದಿಲ್ಲ, ಯಾಕೆ? ಹಿಂಗಾಲಿಗಳ ನಡುವೆ ಎರಡು ತುಂಡಿನ ಒಂದು ಅಡ್ಡಪಟ್ಟಿಯಿದೆ, ನಡುವೆ ಕೀಲು. ಕಾಲಲ್ಲಿ ಅದುಮಿದರೆ ಅದು ನೆಟ್ಟಗಾಗಿ, ನೆಟ್ಟಗಿನ ಗೆರೆಯನ್ನೂ ಕೂದಲೆಳೆಯಷ್ಟು ದಾಟಿ ಕೆಳಗೆ ಕೂರುತ್ತದೆ. ಆ ದಾಟುವಿಕೆಯೇ ಗುಟ್ಟು. ಆಮೇಲೆ ಎಷ್ಟು ಭಾರ ಬಿದ್ದರೂ ಕೀಲು ಇನ್ನಷ್ಟು ಕೆಳಕ್ಕೆ ಒತ್ತಿಕೊಳ್ಳುತ್ತದೆಯೇ ಹೊರತು ಮೇಲೇಳುವುದಿಲ್ಲ. ನಿಂತಾಗ ನಮ್ಮ ಮೊಣಕಾಲು ಮಾಡುವುದೂ ಇದನ್ನೇ. ಟಿಫಿನ್ ಕ್ಯಾರಿಯರಿನ ಪಕ್ಕದ ಕ್ಲಿಪ್ಪನ್ನು ಅದುಮುವಾಗ ಒಂದು ಹಂತದವರೆಗೆ ಬಿಗಿಯಾಗಿದ್ದು ಆಮೇಲೆ ತಾನೇ ಟಪ್ಪೆಂದು ಕೂರುತ್ತದಲ್ಲ, ಅದೂ ಇದೇ ತಂತ್ರ.

ತಂಗಿಯದು ಕೊಡೆ ಜಾತಿಯದಲ್ಲ. ಪುಸ್ತಕದಂತೆ ಮಡಚಿ, ಮತ್ತೊಮ್ಮೆ ಮಡಚುವ ಹೊಸ ಜಾತಿ. ಅದರ ಹಿಡಿಯೊಳಗೆ ಸೈಕಲ್ಲಿನ ಬ್ರೇಕ್ ವೈರಿನಂಥ ತಂತಿ ಹಾದಿದೆ. ಗುಂಡಿ ಒತ್ತಿದರೆ ತಂತಿ ಎರಡೂ ಪಕ್ಕದ ಕೀಲುಗಳ ಮೊಳೆಗಳನ್ನು ಒಟ್ಟಿಗೆ ಹಿಂದಕ್ಕೆಳೆಯುತ್ತದೆ. ಒಂದೇ ಕೈ ಸಾಕು. ರೈಲು ನಿಲ್ಲುವುದೇ ಕೆಲವು ನಿಮಿಷ, ಇನ್ನೊಂದು ಕೈಯಲ್ಲಿ ಕೂಸು ಇರುತ್ತದೆ. ಎರಡು ಕೈ, ಒಂದು ಕಾಲು ಬೇಡುವ ಗಾಡಿ ಎಷ್ಟೇ ಹಗುರವಿದ್ದರೂ ಆ ಹೊತ್ತಿಗೆ ಭಾರವೇ. ಇನ್ನೊಂದು ಮಾತು: ಕತ್ತರಿ ಎಂದೆನಲ್ಲ, ಅದು ಬರೀ ಹೋಲಿಕೆಯಲ್ಲ. ಕೀಲಿನ ಸಂದಿಗೆ ಮಕ್ಕಳ ಬೆರಳು ಸಿಕ್ಕಿ ತುದಿ ತುಂಡಾದ 12 ಪ್ರಕರಣಗಳು ವರದಿಯಾದ ಮೇಲೆ, 2009ರಲ್ಲಿ ಅಮೆರಿಕದಲ್ಲಿ ಮ್ಯಾಕ್ಲಾರೆನ್ ಕಂಪನಿಯ ಸುಮಾರು 10 ಲಕ್ಷ ಗಾಡಿಗಳಿಗೆ ಕೀಲು ಮುಚ್ಚುವ ಬಟ್ಟೆಕವಚ ಕೊಡಬೇಕಾಯಿತು. ಬಿಚ್ಚುವಾಗ, ಮಡಚುವಾಗ ಮಕ್ಕಳು ಒಂದು ಮಾರು ದೂರವಿರಲಿ. ಕೊಳ್ಳುವಾಗ ಕೀಲುಗಳ ಮೇಲೆ ಮುಚ್ಚಳವಿದೆಯೇ ಎಂದು ಬೆರಳಾಡಿಸಿಯೇ ನೋಡಿ.

ಈ ಗಾಡಿ ಕಂಡು ನನ್ನ ಆಫೀಸಿನವರೊಬ್ಬರು ಕೇಳಿದರು: "ನಮ್ಮನೇಗೂ ಒಂದು ಬೇಕ್ರಿ. ಯಾವುದು ಎಲ್ಲಕ್ಕಿಂತ ಹಗುರ?" ಎಲ್ಲರೂ ಕೇಳುವುದು ಇದನ್ನೇ. ಆದರೆ ಈ ಯಂತ್ರಕ್ಕೆ ಎರಡು ಅವತಾರ. ಹೆಗಲಿಗೇರಿದಾಗ ಅದು ಗಂಟು, ಅಲ್ಲಿ ಕಿಲೋ ಲೆಕ್ಕ. ನೆಲದ ಮೇಲಿದ್ದಾಗ ಬಂಡಿ, ಅಲ್ಲಿ ಬೇರೆಯೇ ಲೆಕ್ಕ.

ಬಳ್ಳಾರಿಯ ಯಾವುದೇ ರಸ್ತೆ ತೆಗೆದುಕೊಳ್ಳಿ. ರಾಯಲ್ ಸರ್ಕಲ್ಲಿನಿಂದ ಹತ್ತು ಹೆಜ್ಜೆ ಹೋಗುವುದರೊಳಗೆ ಎರಡು ಸೆಂಟಿಮೀಟರಿನ ಒಂದು ಉಬ್ಬು, ನಾಲ್ಕು ಸೆಂಟಿಮೀಟರಿನ ಒಂದು ಕಲ್ಲುಚಪ್ಪಡಿಯ ಅಂಚು ಸಿಗದಿದ್ದರೆ ಹೇಳಿ. ಹಗುರ ಗಾಡಿಯ ಗಾಲಿ ಸುಮಾರು 14 ಸೆಂಟಿಮೀಟರ್ ಅಡ್ಡಳತೆಯದು. ಅದು ಎರಡು ಸೆಂಟಿಮೀಟರ್ ಉಬ್ಬನ್ನು ಹತ್ತಬೇಕಾದರೆ, ಆ ಗಾಲಿಯ ಮೇಲೆ ಎಷ್ಟು ಭಾರವಿದೆಯೋ ಹೆಚ್ಚುಕಡಿಮೆ ಅಷ್ಟೇ ಬಲದಿಂದ ಅಡ್ಡಕ್ಕೆ ತಳ್ಳಬೇಕು. 30 ಸೆಂಟಿಮೀಟರ್ ಗಾಲಿಗಾದರೆ ಭಾರದ ಒಂಬತ್ತು ಆಣೆಯಷ್ಟು, ಅಂದರೆ ಹದಿನಾರರಲ್ಲಿ ಒಂಬತ್ತು ಪಾಲು ಸಾಕು. ಉಬ್ಬು ನಾಲ್ಕು ಸೆಂಟಿಮೀಟರಾದಾಗ ಸಣ್ಣ ಗಾಲಿಗೆ ಭಾರದ ಎರಡು ಪಟ್ಟಿಗೂ ಮಿಗಿಲು ಬಲ ಬೇಕು. ದೊಡ್ಡದಕ್ಕೆ ಇನ್ನೂ ಒಂದು ಪಟ್ಟಿನೊಳಗೇ ಮುಗಿಯುತ್ತದೆ. ಗಾಡಿ ಆರು ಕಿಲೋ, ಕೂಸು ಎಂಟು ಕಿಲೋ, ಒಟ್ಟು 14 ಎಂದುಕೊಳ್ಳೋಣ. ಹೆಚ್ಚು ದುಡ್ಡು ಕೊಟ್ಟು ಒಂದು ಕಿಲೋ ಉಳಿಸಿದರೆ ತಳ್ಳುವ ಶ್ರಮದಲ್ಲಿ ಉಳಿಯುವುದು ಹದಿನಾಲ್ಕರಲ್ಲಿ ಒಂದು ಪಾಲು. ಭಾರ ಅಷ್ಟೇ ಇದ್ದು ಗಾಲಿ ದೊಡ್ಡದಾದರೆ ಉಳಿಯುವುದು ಹೆಚ್ಚುಕಡಿಮೆ ಅರ್ಧ. ನಮ್ಮ ಬಡಗಿಗಳು ಎತ್ತಿನ ಬಂಡಿಗೆ ಎದೆಮಟ್ಟದ ಗಾಲಿ ಮಾಡಿದ್ದು ಅಂದಕ್ಕಲ್ಲ.

ದೊಡ್ಡ ಗಾಲಿಯ ಗಾಡಿ ಹತ್ತು ಕಿಲೋ ದಾಟುತ್ತದೆ, ಮಡಚಿದರೂ ಆಟೋದ ಹಿಂದೆ ಹಿಡಿಸುವುದಿಲ್ಲ, ಅದು ನಿಜ. ಹಾಗಾಗಿ ಊರಿಂದೂರಿಗೆ ಒಯ್ಯುವವರು ಸಣ್ಣ ಗಾಲಿಗೇ ಒಪ್ಪಿಕೊಂಡು, ಉಬ್ಬು ಬಂದಾಗ ಹಿಡಿಯನ್ನು ಕೆಳಗೊತ್ತಿ ಮುಂಗಾಲಿ ಎತ್ತುವುದನ್ನು ಕಲಿಯಬೇಕು. ಇಲ್ಲವೇ ಗಾಡಿ ತಿರುಗಿಸಿ ಹಿಂದುಮುಂದಾಗಿ ಎಳೆಯಬೇಕು. ತಳ್ಳುವಾಗ ನಮ್ಮ ಬಲದಲ್ಲಿ ಸ್ವಲ್ಪ ಕೆಳಮುಖವಾಗಿ ಗಾಲಿಯನ್ನು ನೆಲಕ್ಕೇ ಒತ್ತುತ್ತದೆ; ಎಳೆಯುವಾಗ ಸ್ವಲ್ಪ ಮೇಲಕ್ಕೆತ್ತುತ್ತದೆ. ಇದಕ್ಕೆ ಎಡದಿಂದ ಬಲಕ್ಕೆ ಒಂದೇ ಅಡ್ಡಹಿಡಿ ಇರುವ ಗಾಡಿ ಅನುಕೂಲ. ಕೊಡೆ ಜಾತಿಯಲ್ಲಿ ಎರಡು ಬಿಡಿ ಹಿಡಿಗಳಿರುತ್ತವೆ, ಒಂದೇ ಕೈಯಲ್ಲಿ ತಳ್ಳಿದರೆ ಸೊಟ್ಟಗೆ ಓಡುತ್ತದೆ.

ಗಾಳಿ ತುಂಬುವ ಟೈರು ಮೆತ್ತಗೆ ಉರುಳುತ್ತದೆ ಎಂದು ಆಸೆ ಹುಟ್ಟಿಸುತ್ತಾರೆ. ನಮ್ಮ ಕಡೆ ಬೇಡ. ಜಾಲಿಮುಳ್ಳು ಇರುವ ಜಿಲ್ಲೆಯಲ್ಲಿ ಹವಾಯಿ ಚಪ್ಪಲಿಯ ಅಟ್ಟೆಯಂಥ ಫೋಮ್ ಗಾಲಿಯೇ ವಾಸಿ.

ತಂಗಿ, ಕೂಸು, ಗಾಡಿಯೊಂದಿಗೆ ಸಿರುಗುಪ್ಪಕ್ಕೆ ಹೊರಟೆವು. ಬಸ್ಸಿನಲ್ಲಿ ಕಂಡಕ್ಟರ್ "ಅಕ್ಕಾರೆ, ಅದನ್ನ ಮಡಚಿಬಿಡ್ರಿ, ದಾರಿಗೆ ಅಡ್ಡ ಆಗ್ತೈತೆ" ಎಂದರು. ಮಡಚಿ ಸೀಟಿನ ಸಂದಿಗೆ ನಿಲ್ಲಿಸಿದೆವು. ಇಲ್ಲಿ ಗಂಟು ಗೆದ್ದಿತು. ತೆಕ್ಕಲಕೋಟೆಯವರೆಗೂ ಅದರ ಕೊಳವೆಯನ್ನು ಬೆರಳಲ್ಲಿ ತಟ್ಟುತ್ತ ಕೂತಿದ್ದೆ. ಅಲ್ಯುಮಿನಿಯಂ ಉಕ್ಕಿನ ಮೂರನೇ ಒಂದರಷ್ಟು ತೂಕ, ಆದರೆ ಬಿಗುವೂ ಮೂರನೇ ಒಂದರಷ್ಟೇ. ಲೋಹ ಬದಲಾಯಿಸಿದ ಮಾತ್ರಕ್ಕೆ ಲಾಭವಿಲ್ಲ. ಕೊಳವೆಯನ್ನು ದಪ್ಪಗೆ, ಟೊಳ್ಳಾಗಿ ಮಾಡುವುದರಲ್ಲಿದೆ ಲಾಭ. ಗೋಡೆ ಅಷ್ಟೇ ತೆಳುವಿಟ್ಟು ಅಡ್ಡಳತೆಯನ್ನು ಎರಡು ಪಟ್ಟು ಮಾಡಿದರೆ ತೂಕ ಎರಡು ಪಟ್ಟಾದರೂ ಬಾಗದಿರುವ ಗುಣ ಎಂಟು ಪಟ್ಟಾಗುತ್ತದೆ. ಕಿಟಕಿಯಾಚೆ ತುಂಗಭದ್ರೆಯ ಕಾಲುವೆ ನೀರುಂಡ ಭತ್ತದ ಗದ್ದೆಗಳು. ಒಂದೊಂದು ದಂಟೂ ಟೊಳ್ಳು ಕೊಳವೆ, ತಲೆಯ ಮೇಲೆ ತೆನೆಯ ಭಾರ. ಲೆಕ್ಕ ಒಂದೇ.

ಊರ ಒಳದಾರಿಯಲ್ಲಿ ಬಂಡಿ ಸೋತಿತು. ಗದ್ದೆಯ ನೀರು ಬಸಿದು ಎರೆಮಣ್ಣು ಹಸಿಯಾಗಿತ್ತು. ಎರೆಯ ಜೇಡಿಕಣಗಳು ಪದರಪದರವಾಗಿದ್ದು ನೀರು ಕುಡಿದು ಉಬ್ಬುತ್ತವೆ, ಮುಟ್ಟಿದ್ದಕ್ಕೆಲ್ಲ ಅಂಟುತ್ತವೆ. ಇಪ್ಪತ್ತು ಹೆಜ್ಜೆಗೆ ಗಾಲಿಗೂ ಅದನ್ನು ಹಿಡಿದ ಕವಲಿಗೂ ನಡುವಿನ ಬೆರಳು ಹಿಡಿಸದ ಸಂದಿ ತುಂಬಿ, ಗಾಲಿ ತಿರುಗುವುದನ್ನೇ ಬಿಟ್ಟು ಜಾರುಬಂಡಿಯಾಯಿತು. ಎದುರಿಗೆ ಹುಲ್ಲು ಹೇರಿದ ಎತ್ತಿನ ಬಂಡಿ ಅದೇ ಕೆಸರಲ್ಲಿ ನಿಧಾನಕ್ಕೆ ಹೋಯಿತು. ನೋಡಿದೆ: ಅದರ ಗಾಲಿ ಅಚ್ಚಿನ ತುದಿಗೆ ಹೊರಗೇ ಕೂತಿದೆ, ಸುತ್ತ ಯಾವ ಕವಲೂ ಇಲ್ಲ. ಅಂಟಿದ ಮಣ್ಣು ಸಿಕ್ಕಿಕೊಳ್ಳಲು ಜಾಗವೇ ಇಲ್ಲ, ತಾನೇ ಉದುರುತ್ತದೆ. ತಂಗಿ ಗಾಡಿಯನ್ನು ನನ್ನ ಹೆಗಲಿಗೇರಿಸಿ ಕೂಸನ್ನು ಟೊಂಕಕ್ಕೇರಿಸಿದಳು. ಗದ್ದೆಯಂಚಿನ ಬೇವಿನ ಮರಕ್ಕೆ ಯಾರದೋ ಸೀರೆಯ ಜೋಲಿ ಕಟ್ಟಿತ್ತು. ಬಿಚ್ಚಿ ಮಡಚಿದರೆ ಅರ್ಧ ಕಿಲೋ.

ಎರಡು ದಿನ ಬಿಟ್ಟು ಕುರುಗೋಡಿಗೆ ಹೋದೆವು, ದೊಡ್ಡಬಸವೇಶ್ವರನ ದರ್ಶನಕ್ಕೆ. ಸಿಂದ ಅರಸರು ಆಳಿದ ಊರು. ಗುಡಿಯೊಳಗೆ ಒಂದೇ ಕಲ್ಲಿನ ಹನ್ನೆರಡಡಿ ಎತ್ತರದ ಬಸವಣ್ಣ. ಇಂಥ ಗುಡಿಗಳ ತೇರಿನಲ್ಲಿ ಗಾಲಿಯ ಇನ್ನೊಂದು ಪಾಠವಿದೆ. ನಮ್ಮ ಕಡೆಯ ತೇರಿನ ಅಚ್ಚು ಅಲುಗದು, ಗಾಲಿ ಎಡಬಲ ನೋಡದು. ಸಾವಿರ ಕೈ ಮಿಣಿ ಎಳೆಯುತ್ತಿದ್ದರೂ ದಿಕ್ಕು ನಿರ್ಧರಿಸುವವರು ಗಾಲಿಯ ಪಕ್ಕದಲ್ಲೇ ನಡೆಯುತ್ತ ಮರದ ದಿಮ್ಮಿಯ ಸನ್ನೆ ಹಾಕುವ ನಾಲ್ಕೈದು ಜನ. ಒಂದು ಗಾಲಿಗೆ ಅಡ್ಡ ಸಿಕ್ಕರೆ ತೇರು ಆ ಕಡೆ ಹೊರಳುತ್ತದೆ. ಕೂಸಿನ ಗಾಡಿಯ ಮುಂಗಾಲಿಗೆ ಯಾರೂ ಸನ್ನೆ ಹಾಕಬೇಕಿಲ್ಲ. ಅದನ್ನು ಹಿಡಿದ ಕೀಲು ನೆಟ್ಟಗೆ ಗಾಲಿಯ ಮೇಲಿರದೆ ಸ್ವಲ್ಪ ಮುಂದಿರುತ್ತದೆ. ಗಾಲಿ ಕೀಲಿನ ಹಿಂದೆ, ಹಗ್ಗ ಹಿಡಿದ ಕರುವಿನಂತೆ ಎಳೆದತ್ತ ಬರುತ್ತದೆ. ಒರಟು ನೆಲದಲ್ಲಿ ಜೋರಾಗಿ ತಳ್ಳಿದರೆ ಕರುವಿನಂತೆಯೇ ಅತ್ತಿತ್ತ ಕುಣಿಯುತ್ತದೆ ಕೂಡ. ಅದಕ್ಕೇ ಗಾಲಿಯನ್ನು ನೇರಕ್ಕೆ ಬಿಗಿಯುವ ಚಿಲಕವಿರುವುದನ್ನೇ ಆರಿಸಬೇಕು.

ಹನ್ನೊಂದರ ಬಿಸಿಲು. ಕೂಸು ನಿದ್ದೆಹೋಗಿತ್ತು, ಅವ್ವ ಸೆರಗಿನಂಥ ತೆಳು ಬಟ್ಟೆಯನ್ನು ಗಾಡಿಗೆ ಪೂರ್ತಿ ಹೊದಿಸಿದಳು. ಎಲ್ಲರೂ ಮಾಡುವುದು ಇದನ್ನೇ, ಆದರೆ ಇದು ಅಪಾಯ. 2014ರಲ್ಲಿ ಸ್ವೀಡನ್ನಿನ ಸ್ವೆನ್ಸ್ಕಾ ದಾಗ್‌ಬ್ಲಾದೆಟ್ ಪತ್ರಿಕೆ ಅಳೆದು ನೋಡಿದಾಗ, ಹೊದಿಕೆಯಿಲ್ಲದೆ 22 ಡಿಗ್ರಿ ಇದ್ದ ಪ್ರಾಮು ತೆಳು ಹೊದಿಕೆ ಹಾಕಿದ ಅರ್ಧ ಗಂಟೆಗೆ 34, ಒಂದು ಗಂಟೆಗೆ 37 ಮುಟ್ಟಿತ್ತು. ಸ್ವೀಡನ್ನಿನಲ್ಲೇ ಹೀಗಾದರೆ ಏಪ್ರಿಲ್–ಮೇಯಲ್ಲಿ 40 ದಾಟುವ ಬಳ್ಳಾರಿಯಲ್ಲಿ? ಸಿಡ್ನಿ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಜವಾದ ತಿರುವಿದೆ: ಒಣ ಬಟ್ಟೆ ಹೊದಿಸಿದರೆ ಒಳಗೆ ಹೊರಗಿಗಿಂತ ಎರಡೂವರೆ ಡಿಗ್ರಿಯಷ್ಟು ಹೆಚ್ಚು, ಅದೇ ಬಟ್ಟೆಯನ್ನು ಒದ್ದೆ ಮಾಡಿ, ಆರದಂತೆ ಆಗಾಗ ನೀರು ಚಿಮುಕಿಸಿ, ಸಣ್ಣ ಫ್ಯಾನು ಹಚ್ಚಿದರೆ ಹೊರಗಿಗಿಂತ ನಾಲ್ಕೈದು ಡಿಗ್ರಿ ಕಡಿಮೆ. ಮಣ್ಣಿನ ಗಡಿಗೆಯ ನೀರು ತಣ್ಣಗಿರುವ ಕಾರಣವೇ ಇದು, ಒಣಗಾಳಿಯ ನಮ್ಮ ಸೀಮೆಯಲ್ಲಿ ಇನ್ನೂ ಚೆನ್ನಾಗಿ ನಡೆಯುತ್ತದೆ. ಒಂದು ಕಡೆ ಗಾಳಿಯಾಡಲು ತೆರೆದಿರಲಿ. ಬೆನ್ನಿಗೆ ಜಾಳಿಗೆ ಕಿಟಕಿ, ಮುಂದಕ್ಕೆ ಉದ್ದಕ್ಕೆ ಬರುವ ಮಾಡು ಇರುವ ಗಾಡಿಯಾದರೆ ಬಟ್ಟೆಯ ಗೊಡವೆಯೇ ಕಡಿಮೆ.

ವಿಮಾನದಲ್ಲಿ ಹೋಗುವವರಿಗೆ ಒಂದು ಮಾತು. "ಕ್ಯಾಬಿನ್ ಸೈಜ್" ಎಂಬ ಚೀಟಿ ನಂಬಿ ಮೋಸಹೋಗಬೇಡಿ. ಈ ಜಾತಿಗೆ ಹೆಸರು ತಂದ ಫ್ರಾನ್ಸಿನ ಯೋಯೋ ಗಾಡಿ ಮಡಚಿದಾಗ 52×44×18 ಸೆಂಟಿಮೀಟರ್. ನಮ್ಮ ದೇಶದ ವಿಮಾನಗಳಲ್ಲಿ ಸಾಮಾನ್ಯವಾಗಿ ಕೈಚೀಲದ ಮಿತಿ 55×35×25, ತೂಕ ಏಳು ಕಿಲೋ. ಒಂಬತ್ತು ಸೆಂಟಿಮೀಟರ್ ಹೊರಗುಳಿಯಿತು. ತೋರಣಗಲ್ಲಿನ ವಿದ್ಯಾನಗರ ನಿಲ್ದಾಣಕ್ಕೆ ಬರುವಂಥ ಸಣ್ಣ ವಿಮಾನಗಳ ತಲೆಮೇಲಿನ ಗೂಡು ಇನ್ನೂ ಇಕ್ಕಟ್ಟು. ಟಿಕೆಟ್ ಮಾಡಿಸುವಾಗಲೇ ಕೇಳಿಕೊಳ್ಳಿ.

ಆರು ತಿಂಗಳೊಳಗಿನ ಕೂಸಿಗೆ ಕೊಡೆ ಜಾತಿ ಬೇಡವೇ ಬೇಡ. ಕತ್ತು ನಿಲ್ಲದ ಕೂಸು ಆ ಜೋತುಬಿದ್ದ ಬಟ್ಟೆಯಲ್ಲಿ ಮುದುಡಿ ಉಸಿರಿಗೆ ಕಷ್ಟಪಡುತ್ತದೆ, ಪೂರ್ತಿ ಮಲಗಿಸುವಂಥದೇ ಬೇಕು. ಹೆಗಲು, ಸೊಂಟ, ಕಾಲ್ನಡುವೆ ಸೇರಿ ಐದು ಕಡೆ ಬಿಗಿಯುವ ಬೆಲ್ಟು ಇರಲಿ. ಹಿಡಿಗೆ ಭಾರದ ಚೀಲ ನೇತುಹಾಕಬೇಡಿ: ಕೂಸು ಕೂತಿರುವಷ್ಟು ಹೊತ್ತು ಏನೂ ಆಗುವುದಿಲ್ಲ, ಎತ್ತಿದ ಕ್ಷಣ ಗಾಡಿ ಬೆನ್ನ ಮೇಲೆ ಬೀಳುತ್ತದೆ. ಕುರುಗೋಡಿನಲ್ಲಿ ನಮ್ಮ ತೆಂಗಿನಕಾಯಿ, ಬಾಳೆಹಣ್ಣಿನ ಚೀಲಕ್ಕೆ ಆದದ್ದು ಇದೇ. ಕಾಯಿ ದೇವರ ಮುಂದೆ ಒಡೆಯುವ ಮೊದಲೇ ಒಡೆದಿತ್ತು.

ಬೆಂಗಳೂರಿಗೆ ಹಿಂದಿರುಗುವ ರಾತ್ರಿ ಕವಲಿನ ಎರೆಮಣ್ಣನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಿಡಿಸಿಕೊಟ್ಟೆ. ಸ್ಟೇಷನ್ನಿಗೆ ಹೊರಡುವಾಗ ನೋಡಿದರೆ ಕೂಸು ಅವ್ವನ ಟೊಂಕದ ಮೇಲಿತ್ತು. ಗಾಡಿಯಲ್ಲಿ ಸಿರುಗುಪ್ಪದ ಸೋನಾ ಮಸೂರಿಯ ಹತ್ತು ಕಿಲೋ ಚೀಲ ಕೂತಿತ್ತು, ಐದೂ ಕಡೆ ಬೆಲ್ಟು ಬಿಗಿಸಿಕೊಂಡು.